ಪದಚರ್ಚೆ: ಬೈಕಿನ ‘ಸಬ್‌ಫ್ರೇಮ್’ಗೆ ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ

ಗೆಳೆಯರೇ,

ಹಳೆಯ ಬೈಕನ್ನು ಮನೆಯಲ್ಲೇ ಬಿಚ್ಚಿ ಮತ್ತೆ ಕಟ್ಟುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧವಾಗುತ್ತಿದೆ. ಎಂಜಿನ್, ಬ್ರೇಕ್, ವೈರಿಂಗ್ ಭಾಗಗಳಲ್ಲಿ ತೊಡಕು ಬರಲಿಲ್ಲ. ಮೆಕ್ಯಾನಿಕ್‌ಗಳ ಬಾಯಲ್ಲಿರುವ ಮಾತೇ ಸಾಕಾಯಿತು. ಸೀಟು, ಹಿಂದಿನ ಮಡ್‌ಗಾರ್ಡ್, ಟೇಲ್‌ಲೈಟ್ ಹೊರುವ ಫ್ರೇಮಿನ ಹಿಂತುದಿಯನ್ನು, ಎಂದರೆ ಸಬ್‌ಫ್ರೇಮನ್ನು, ಹೊಸದಾಗಿ ಮಾಡುವ ಅಧ್ಯಾಯದಲ್ಲಿ ಮಾತ್ರ ಪದಗಳು ಕೈಕೊಡುತ್ತಿವೆ. ಕರಡಿನಲ್ಲಿ ಈಗಿರುವ ವಾಕ್ಯ ಇದು:

“ಹಳೆಯ ಉಪಚೌಕಟ್ಟನ್ನು ಕತ್ತರಿಸಿ, ಒಂದು ಇಂಚಿನ ದಪ್ಪ ಕೊಳವೆಯನ್ನು ಬಾಗಿಸಿ, ಬೆಸುಗೆ ಹಾಕಿ ಕೂಡಿಸಿ.”

ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಇದನ್ನು ಓದಿದವರು ಗ್ರೈಂಡರ್ ಕೈಗೆತ್ತಿಕೊಳ್ಳುತ್ತಾರೆ, ಅದೇ ಅಳುಕು. ‘ಸಬ್‌ಫ್ರೇಮ್’ಗೆ ಉಪಚೌಕಟ್ಟು ಸರಿಯೇ? ಪೈಪ್, ಟ್ಯೂಬ್ ಎರಡಕ್ಕೂ ಕೊಳವೆ ಎನ್ನಬಹುದೇ? ಟ್ಯಾಕ್, ನಾಚ್, ಸ್ಲಗ್, ಗಸೆಟ್ ಇವಕ್ಕೆಲ್ಲ ಬಡಗಿಗಳ, ಕಮ್ಮಾರರ, ದರ್ಜಿಗಳ ಮಾತಿನಲ್ಲಿ ಏನಾದರೂ ಸಿಗುತ್ತದೆಯೇ?

ಮೊದಲ ಉತ್ತರ

ಉಪಚೌಕಟ್ಟು ಬೇಡ. ಉಪನದಿ, ಉಪಾಧ್ಯಕ್ಷ, ಉಪಕಥೆ ಎಂದೆಲ್ಲ ಕೇಳಿದ ಕಿವಿಗೆ ‘ಉಪ’ ಎಂದರೆ ಮುಖ್ಯವಲ್ಲದ್ದು, ಇಲ್ಲದಿದ್ದರೂ ನಡೆದೀತು ಎನ್ನುವಂಥದ್ದು. ಬೈಕಿನ ಮಟ್ಟಿಗೆ ಈ ಅರ್ಥ ಅಪಾಯದ್ದು. ಕಾರಿನ ವಿಷಯದಲ್ಲೂ ಇದೇ ಇಂಗ್ಲಿಷ್ ಪದವಿದೆ, ಆದರೆ ಅಲ್ಲಿ ಅದು ಎಂಜಿನ್ನನ್ನೋ ಸಸ್ಪೆನ್ಷನ್ ತೋಳುಗಳನ್ನೋ ಹೊರುವ ಬೇರೆಯೇ ಭಾಗ. ಅಕ್ಷರಶಃ ಅನುವಾದಿಸಿದರೆ ಎರಡೂ ಕಲೆಸಿಹೋಗುತ್ತವೆ.

‘ಹಿಂಚೌಕಟ್ಟು’ ಎನ್ನಿ. ಹಿಂಗಾಲು, ಹಿಂಬಾಗಿಲುಗಳ ಸಾಲಿನ ಪದ. ಕಾಲು ಗಾಲಾದಂತೆ ಇಲ್ಲಿ ಅಕ್ಷರ ಬದಲಾಗಬೇಕಿಲ್ಲ; ಕ, ತ, ಪಗಳಿಗಷ್ಟೇ ಆ ಆದೇಶ, ‘ಚ’ ಹಾಗೇ ಉಳಿಯುತ್ತದೆ. ಎಲ್ಲಿದೆ ಎಂಬುದನ್ನು ಹೇಳುತ್ತದೆ, ಮೇಲುಕೀಳು ಹೇಳುವುದಿಲ್ಲ.

ಆದರೆ ಒಂದೇ ಪದ ಸಾಲದು, ಇದಕ್ಕೆ ಒತ್ತು ಕೊಡಲೇಬೇಕು. ಎರಡು ಶಾಕ್ ಅಬ್ಸಾರ್ಬರ್ ಇರುವ ಬೈಕಿನಲ್ಲಿ ಅವುಗಳ ಮೇಲ್ತುದಿ ಕೂತಿರುವುದು ಹಿಂಚೌಕಟ್ಟಿನ ಮೇಲೆಯೇ. ಗುಂಡಿಗೆ ಚಕ್ರ ಬಿದ್ದಾಗ ಪೆಟ್ಟು ಅಲ್ಲಿಗೇ ಬರುತ್ತದೆ. ಅಲ್ಲಿ ಕತ್ತರಿಸಬಹುದಾದದ್ದು ಶಾಕ್ ಬೋಲ್ಟಿನ ಹಿಂದೆ ಚಾಚಿಕೊಂಡ ತುದಿಯನ್ನು ಮಾತ್ರ. ಒಂದೇ ಶಾಕ್ ಇರುವ ಬೈಕಿನಲ್ಲಿ ಸಾಮಾನ್ಯವಾಗಿ ಆ ಪೆಟ್ಟು ಮುಖ್ಯ ಫ್ರೇಮಿಗೆ ಹೋಗುತ್ತದೆ. ಹಿಂಚೌಕಟ್ಟು ಹೊರುವುದು ಕೂತವರ ತೂಕವನ್ನು. ಎಷ್ಟೋ ಕಡೆ ಅದನ್ನು ನಾಲ್ಕು ಬೋಲ್ಟ್ ಬಿಚ್ಚಿ ಪೂರ್ತಿ ತೆಗೆಯಬಹುದು. ಹಾಗಾಗಿ ‘ಕತ್ತರಿಸುವ ತುದಿ’ಗೆ ಇನ್ನೊಂದು ಹೆಸರು ಬೇಕು. ಆ ತುದಿಗೆ ಯು ಆಕಾರದಲ್ಲಿ ಬಗ್ಗಿಸಿ ಕೂಡಿಸುವ ತುಂಡನ್ನು ಇಂಗ್ಲಿಷಿನಲ್ಲಿ ಹೂಪ್, ಲೂಪ್ ಎನ್ನುತ್ತಾರೆ. ನಮ್ಮಲ್ಲಿ ‘ಲಾಳ’ ಇದೆಯಲ್ಲ! ಕುದುರೆಯ ಗೊರಸಿಗೆ ಹೊಡೆಯುವ ಲಾಳದ ಆಕಾರವೇ ಅದು. ‘ಬಾಲದ ಲಾಳ’ ಎಂದರೆ ಚಿತ್ರವೇ ಬೇಡ.

ನಡುವೆ ಒಂದು ಮಾತು

ಚೌಕಟ್ಟು ಎಂದರೆ ಬಾಗಿಲಿನದು, ಚೌಕವಾದದ್ದು. ಕೊಳವೆಗಳನ್ನು ಹೆಣೆದು ಕಟ್ಟಿದ್ದಕ್ಕೆ ‘ಹಂದರ’ ಹೊಂದುವುದಿಲ್ಲವೇ? ಎಲುಬಿನ ಹಂದರ ಎನ್ನುತ್ತೇವಲ್ಲ.

ಅದಕ್ಕೆ ಉತ್ತರ

ಹಂದರ ಚೆಲುವಾದ ಪದ, ಇಡೀ ಫ್ರೇಮಿನ ರಚನೆಯನ್ನು ವರ್ಣಿಸುವಾಗ ಬಳಸಿ. ಆದರೆ ಬಳ್ಳಿ ಹಬ್ಬಿಸುವ ಹಂದರ ಹಗುರ, ಅಲುಗಾಡುತ್ತದೆ. ಹಿಂಚೌಕಟ್ಟು ಅಲುಗಬಾರದು. ಒಂದು ಲೆಕ್ಕ ನೋಡಿ. ಸೀಟಿನ ಮೇಲೆ, ಬೋಲ್ಟುಗಳಿಂದ 500 ಮಿಲಿಮೀಟರ್ ಹಿಂದೆ 100 ಕಿಲೋ ತೂಕ ಕೂತಿದೆ. ಮೇಲಿನ ಬೋಲ್ಟಿಗೂ ಕೆಳಗಿನ ಬೋಲ್ಟಿಗೂ ನಡುವಿನ ಎತ್ತರ 200 ಮಿಲಿಮೀಟರ್ ಎನ್ನಿ. ಮೇಲಿನ ಜೋಡಿಯನ್ನು 250 ಕಿಲೋ ಬಲ ಹಿಂದಕ್ಕೆ ಎಳೆಯುತ್ತದೆ, ಕೆಳಗಿನ ಆಸರೆ ಟ್ಯೂಬುಗಳನ್ನು ಅಷ್ಟೇ ಬಲ ಮುಂದಕ್ಕೆ ಒತ್ತುತ್ತದೆ. ಸಪೂರ ಕಾಣಲೆಂದು ಆ ಎತ್ತರವನ್ನು 100ಕ್ಕೆ ಇಳಿಸಿದರೆ ಎರಡೂ 500 ಕಿಲೋ ಆಗುತ್ತವೆ. ಬೈಕು ನಿಂತಿರುವಾಗಿನ ಲೆಕ್ಕ ಇದು. ಉಬ್ಬಿನ ಮೇಲೆ ಹಾರಿ ಬಿದ್ದರೆ ಇನ್ನೂ ಹೆಚ್ಚು. ಕೆಳಗಿನ ಟ್ಯೂಬಿಗೆ ಕೈಪಿಡಿಯಲ್ಲಿ ‘ಆಸರೆ’ ಎಂದೇ ಬರೆದರೆ, ಅಂದಕ್ಕೆಂದು ಅದನ್ನು ಕಿತ್ತುಹಾಕಲು ಹೊರಟವರು ಒಂದು ಕ್ಷಣ ನಿಂತು ಯೋಚಿಸುತ್ತಾರೆ.

ಲೋಹದ ಕೆಲಸ ಬಲ್ಲವರ ಉತ್ತರ

ಉಳಿದ ಪದಗಳ ಬಗ್ಗೆ. ಮೊದಲು ‘ಒಂದು ಇಂಚಿನ ದಪ್ಪ ಕೊಳವೆ’. ಈ ಮೂರು ನಾಲ್ಕು ಪದಗಳಲ್ಲಿ ಎರಡು ಬಲೆಗಳಿವೆ.

ಪೈಪನ್ನು ಕರೆಯುವುದು ಹೆಸರಿನ ಅಳತೆಯಿಂದ. ನೀರಿಗೆ ಬಳಸುವ ಒಂದು ಇಂಚಿನ ಉಕ್ಕಿನ ಪೈಪಿನ ಹೊರಗಿನ ವ್ಯಾಸ 25.4 ಅಲ್ಲ, 33.4 ಮಿಲಿಮೀಟರ್. ಟ್ಯೂಬನ್ನು ಕರೆಯುವುದು ಹೊರವ್ಯಾಸದಿಂದಲೇ. ಒಂದು ಇಂಚಿನ ಟ್ಯೂಬು ಎಂದರೆ ನಿಜವಾಗಿ 25.4. ಕೊಳವೆ ಎಂದಷ್ಟೇ ಬರೆದರೆ ಓದುಗರು ಪೈಪು ತರುತ್ತಾರೆ. ಅದು ಹಳೆಯ ಫ್ರೇಮಿಗೆ ಕೂರುವುದೂ ಇಲ್ಲ, ಬಗ್ಗಿಸುವ ಅಚ್ಚಿಗೆ ಹೊಂದುವುದೂ ಇಲ್ಲ. ಪೈಪು ಗ್ಯಾಲ್ವನೈಸ್ ಆಗಿದ್ದರಂತೂ ವೆಲ್ಡ್ ಮಾಡುವಾಗ ಸತುವಿನ ಹೊಗೆ ಕುಡಿದು ಜ್ವರ, ನಡುಕ ಬರುತ್ತದೆ. ‘ಟ್ಯೂಬು’ ಎಂದೇ ಇರಲಿ. ಚಕ್ರದ ಟ್ಯೂಬಿನೊಂದಿಗೆ ಗೊಂದಲ ಎನಿಸಿದರೆ ಅಧ್ಯಾಯದ ಮೊದಲಲ್ಲಿ ‘ಉಕ್ಕಿನ ಟ್ಯೂಬು’ ಎಂದು ಒಮ್ಮೆ ಹೇಳಿದರಾಯಿತು.

‘ದಪ್ಪ’ ಇನ್ನೂ ಕೆಟ್ಟ ಬಲೆ. ನಮ್ಮ ಮಾತಿನಲ್ಲಿ ದಪ್ಪ ಕೋಲು ಎಂದರೆ ಸುತ್ತಳತೆ ಹೆಚ್ಚು, ದಪ್ಪ ಬಟ್ಟೆ ಎಂದರೆ ಪದರ ಮಂದ. ‘ದಪ್ಪ ಟ್ಯೂಬು’ ಎಂದರೆ ಯಾವುದು? 22 ಮಿಲಿಮೀಟರ್ ಹೊರವ್ಯಾಸ, 2 ಮಿಲಿಮೀಟರ್ ಗೋಡೆಯದೋ, 25.4 ಹೊರವ್ಯಾಸ, 1.6 ಗೋಡೆಯದೋ? ಮೊದಲಿನದು ಮೀಟರಿಗೆ ಸುಮಾರು 0.99 ಕಿಲೋ ತೂಗುತ್ತದೆ, ಎರಡನೆಯದು 0.94. ಆದರೂ ಬಾಗದೆ ನಿಲ್ಲುವುದರಲ್ಲಿ ಎರಡನೆಯದೇ ಮೂರನೇ ಒಂದು ಪಾಲು ಹೆಚ್ಚು ಬಿಗಿ, ಏಕೆಂದರೆ ಲೋಹ ನಡುಗೆರೆಯಿಂದ ದೂರ ಹೋದಷ್ಟೂ ಬಾಗುವುದು ಕಷ್ಟ. ಆದ್ದರಿಂದ ‘ದಪ್ಪ’ವನ್ನು ಒಂಟಿಯಾಗಿ ಎಲ್ಲೂ ಬಿಡಬೇಡಿ. ‘ಹೊರವ್ಯಾಸ’, ‘ಗೋಡೆಯ ದಪ್ಪ’ ಎಂದು ಬೇರೆಬೇರೆಯಾಗಿ, ಮಿಲಿಮೀಟರಿನಲ್ಲೇ ಬರೆಯಿರಿ. ಗೇಜಿನ ಲೆಕ್ಕವನ್ನೂ ಹೇಳುವುದಾದರೆ 16 ಗೇಜ್ ಅಂದರೆ ಸುಮಾರು 1.6, 14 ಗೇಜ್ ಅಂದರೆ ಸುಮಾರು 2. ಸಂಖ್ಯೆ ಏರಿದಂತೆ ಗೋಡೆ ತೆಳುವಾಗುತ್ತದೆ ಎಂಬುದನ್ನೂ ಸೇರಿಸಿ.

‘ಬಾಗಿಸಿ’ ಸರಿ. ಕೆಟ್ಟದ್ದಕ್ಕೂ ನಮ್ಮಲ್ಲಿ ಒಳ್ಳೆಯ ಪದಗಳಿವೆ: ಒಳಮಗ್ಗುಲು ‘ಸುಕ್ಕು’ಗಟ್ಟುತ್ತದೆ, ಹೊರಮಗ್ಗುಲು ‘ಚಪ್ಪಟೆ’ಯಾಗುತ್ತದೆ. ಟ್ಯೂಬಿನ ನಡುಗೆರೆಗೆ ಅಳೆದ ಬಾಗಿನ ತ್ರಿಜ್ಯ ಹೊರವ್ಯಾಸದ ಮೂರು ಪಟ್ಟಿಗಿಂತ, ಎಂದರೆ 25.4ರ ಟ್ಯೂಬಿಗೆ 76 ಮಿಲಿಮೀಟರಿಗಿಂತ ಕಡಿಮೆಯಾದರೆ ಇವೆರಡೂ ಬೇಗ ಬರುತ್ತವೆ. ನೀರಿನ ಪೈಪು ಬಗ್ಗಿಸುವ ಯಂತ್ರದ ಅಚ್ಚು 33.4ಕ್ಕೆ ಮಾಡಿದ್ದು, ಅದರಲ್ಲಿಟ್ಟರೆ ಟ್ಯೂಬಿನ ಪಕ್ಕಗಳಿಗೆ ಆನಿಕೆಯಿಲ್ಲದೆ ಚಪ್ಪಟೆಯಾಗುವುದು ಖಂಡಿತ. ಎರಡು ಕಾಲುಗಳ ನಡುಗೆರೆ 200 ಮಿಲಿಮೀಟರ್ ಅಂತರದಲ್ಲಿರುವ ಲಾಳಕ್ಕೆ ಬಾಗು 314 ಮಿಲಿಮೀಟರ್ ತಿನ್ನುತ್ತದೆ. 250ರ ಎರಡು ಕಾಲು ಸೇರಿ 814. ಯಂತ್ರದ ಹಿಡಿತಕ್ಕೆಂದು ಒಂದು ಮೀಟರ್ ತುಂಡನ್ನೇ ತೆಗೆದುಕೊಂಡು, ಬಾಗಿಸಿದ ಮೇಲೆ ಕಾಲುಗಳನ್ನು ಕತ್ತರಿಸುವುದು ಒಳ್ಳೆಯದು.

‘ಬೆಸುಗೆ’ ಹಳೆಯ ಪದ, ಒಡವೆಗೂ ಪಾತ್ರೆಗೂ ಹಾಕುವುದು ಅದನ್ನೇ. ಅಲ್ಲಿ ಕರಗುವುದು ನಡುವೆ ಹಾಕಿದ ಲೋಹ, ಒಡವೆಯಲ್ಲ. ವೆಲ್ಡಿಂಗಿನಲ್ಲಿ ಎರಡೂ ಟ್ಯೂಬುಗಳ ಅಂಚು ತಾನೇ ಕರಗಿ ಒಂದಾಗಬೇಕು. ಇಲ್ಲಿ ‘ವೆಲ್ಡಿಂಗ್’ ಎಂದೇ ಬರೆಯಿರಿ, ಓದುಗರೆಲ್ಲರಿಗೂ ಗೊತ್ತಿರುವ ಪದ. ಬೆಸುಗೆಯನ್ನು ವೈರುಗಳ ತುದಿಗೆ ಸೀಸ ಹಾಕುವ ಅಧ್ಯಾಯಕ್ಕೆ ಉಳಿಸಿಕೊಳ್ಳಿ.

ಟ್ಯಾಕ್‌ಗೆ, ಎಂದರೆ ಪೂರ್ತಿ ವೆಲ್ಡಿಗೆ ಮೊದಲು ಅಲ್ಲಲ್ಲಿ ಇಡುವ ಸಣ್ಣ ವೆಲ್ಡಿಗೆ, ದರ್ಜಿಗಳ ‘ಕಚ್ಚಾ ಹೊಲಿಗೆ’ ತುಂಬ ಹತ್ತಿರದ ಹೋಲಿಕೆ. ಗಟ್ಟಿ ಹೊಲಿಗೆಗೆ ಮೊದಲು ಬಟ್ಟೆ ಜರುಗದಂತೆ ಹಾಕುವುದು. ಆದರೆ ‘ಕಚ್ಚಾ ವೆಲ್ಡಿಂಗ್’ ಎಂದರೆ ಕಳಪೆ ಕೆಲಸ ಎಂದಾಗುತ್ತದೆ. ‘ಚುಕ್ಕಿ ವೆಲ್ಡಿಂಗ್’ ಎಂದರೆ ತಗಡಿಗೆ ಮಾಡುವ ಸ್ಪಾಟ್ ವೆಲ್ಡಿಂಗ್ ನೆನಪಾಗುತ್ತದೆ. ‘ಟ್ಯಾಕ್ ಹಾಕಿ’ ಎಂದೇ ಇರಲಿ, ಹೋಲಿಕೆಯನ್ನು ಒಂದು ಸಾಲಿನಲ್ಲಿ ಕೊಡಿ.

ನಾಚ್‌ಗೆ ‘ಕಚ್ಚು’. ಮರದಲ್ಲಿ ಕಚ್ಚು ತೆಗೆಯುವುದು ಗೊತ್ತಿರುವವರಿಗೆ ಬೇರೆ ವಿವರಣೆ ಬೇಡ. ಒಂದು ಟ್ಯೂಬಿನ ತುದಿ ಇನ್ನೊಂದರ ಬೆನ್ನನ್ನು ಕಚ್ಚಿ ಕೂರುವಂತೆ ಮೀನಿನ ಬಾಯಿಯ ಆಕಾರದಲ್ಲಿ ಕೊರೆಯುವುದು. 1.6 ಗೋಡೆಗೆ ಸಂದು ಒಂದು ಮಿಲಿಮೀಟರ್ ದಾಟಿದರೆ ಸಂದು ತುಂಬುವ ಮೊದಲೇ ಅಂಚು ತೂತಾಗುತ್ತದೆ. ತೂತನ್ನು ಲೋಹ ಸುರಿದು ಮುಚ್ಚಿದ್ದು ಹೊರಗೆ ಗಟ್ಟಿಯಾಗಿ ಕಂಡರೂ ಪಕ್ಕದಲ್ಲೇ ಬಿರುಕು ಬಿಡುತ್ತದೆ.

ಸ್ಲಗ್‌ಗೆ ‘ಒಳತುಂಡು’. ಲಾಳದ ಕಾಲನ್ನು ಹಳೆಯ ಟ್ಯೂಬಿಗೆ ತುದಿಗೆ ತುದಿ ಇಟ್ಟು ವೆಲ್ಡ್ ಮಾಡಿದರೆ ಸಾಲದು. ಒಳಗೆ ಎರಡೂ ಕಡೆ 40 ಮಿಲಿಮೀಟರ್ ಹೋಗುವ ತುಂಡು ಬೇಕು, 25.4ರ ಟ್ಯೂಬಿಗೆ 1.6 ಗೋಡೆಯಾದರೆ ಒಳವ್ಯಾಸ 22.2, ಒಳತುಂಡನ್ನು ಲೇತಿನಲ್ಲಿ 22ಕ್ಕೆ ಇಳಿಸಬೇಕು. ಉಕ್ಕಿನ ಪಟ್ಟಿಯನ್ನು ಸುತ್ತಿ ಉದ್ದಕ್ಕೂ ವೆಲ್ಡ್ ಮಾಡಿದ ಟ್ಯೂಬಾದರೆ ಒಳಗೆ ಉದ್ದಕ್ಕೂ ಒಂದು ಏಣು ಇರುತ್ತದೆ, ಅದನ್ನು ಅರದಿಂದ ತೆಗೆಯದಿದ್ದರೆ ಒಳತುಂಡು ಹೋಗುವುದೇ ಇಲ್ಲ. ಸುತ್ತಿಗೆಯಿಂದ ಹೊಡೆದು ತೂರಿಸಬೇಡಿ. ಕೂಡುವ ಗೆರೆಯಿಂದ 20 ಮಿಲಿಮೀಟರ್ ದೂರದಲ್ಲಿ, ಎರಡೂ ಕಡೆ, ಹೊರಟ್ಯೂಬಿಗೆ 8 ಮಿಲಿಮೀಟರಿನ ಎರಡೆರಡು ತೂತು ಕೊರೆದು, ಅವುಗಳನ್ನು ವೆಲ್ಡಿನಿಂದ ತುಂಬಿದರೆ ಒಳತುಂಡು ನಿಜವಾಗಿ ಹಿಡಿದುಕೊಳ್ಳುತ್ತದೆ.

ಗಸೆಟ್‌ಗೆ ‘ಮೂಲೆಪಟ್ಟಿ’. ಎರಡು ಟ್ಯೂಬು ಸೇರುವ ಮೂಲೆಗೆ ಹಾಕುವ 2 ಮಿಲಿಮೀಟರ್ ಪಟ್ಟಿ ಸಾಕು. ಗೋಡೆಗಿಂತ ಬಹಳ ದಪ್ಪದ ಪಟ್ಟಿ ಹಾಕಿದರೆ ಪಟ್ಟಿ ಮುಗಿಯುವ ಕಡೆ ಟ್ಯೂಬು ಸೀಳುತ್ತದೆ. ಅಂಚನ್ನು ಮೊಂಡಾಗಿ ನಿಲ್ಲಿಸದೆ ಇಳಿಜಾರಾಗಿ ಮುಗಿಸಬೇಕು.

ವೆಲ್ಡಿಂಗಿನಿಂದ ಚೌಕಟ್ಟು ಸೊಟ್ಟಗಾಗುವುದಕ್ಕೆ ನೀವು ಏನನ್ನೂ ಹುಡುಕಬೇಕಿಲ್ಲ. ‘ವೆಲ್ಡಿಂಗ್ ಎಳ್ಕೊಳ್ತು’ ಎನ್ನುತ್ತಾರೆ. ‘ಎಳೆತ’ ಎಂದು ಬಳಸಿ. ಕಾರಣವೂ ಆ ಪದದಲ್ಲೇ ಇದೆ: ಕರಗಿದ ಲೋಹ ಆರುವಾಗ ಕುಗ್ಗಿ ಟ್ಯೂಬನ್ನು ತನ್ನ ಕಡೆ ಎಳೆಯುತ್ತದೆ.

ಕೊನೆಯ ಉತ್ತರ

ಎಲ್ಲರೂ ನಾಮಪದಗಳ ಮೇಲೆ ಕಣ್ಣಿಟ್ಟಿದ್ದಾರೆ. ಮೇಡಂ, ನಿಮ್ಮ ವಾಕ್ಯದಲ್ಲಿ ದೊಡ್ಡ ತಪ್ಪಿರುವುದು ಕ್ರಿಯಾಪದದಲ್ಲಿ. “ಕತ್ತರಿಸಿ, ಬಾಗಿಸಿ, ಹಾಕಿ, ಕೂಡಿಸಿ” ಎಂದು ಪೋಣಿಸಿದಾಗ ಕನ್ನಡದಲ್ಲಿ ಅದು ಬರೀ ಪಟ್ಟಿಯಲ್ಲ, ಕ್ರಮ. ‘ಉಂಡು ಮಲಗು’ ಎಂದರೆ ಊಟ ಮೊದಲು. ಸಾಲದ್ದಕ್ಕೆ ‘ಕತ್ತರಿಸಿ’ ಎಂಬ ರೂಪ ಆಜ್ಞೆಯೂ ಹೌದು. ಅಲ್ಪವಿರಾಮ ನೋಡದವರಿಗೆ ಅಲ್ಲಿಗೇ ಮಾತು ಮುಗಿದಂತೆ.

ಕತ್ತರಿಸುವುದು ಮೊದಲ ಕೆಲಸವಲ್ಲ. ಕತ್ತರಿಸಿದ ಮರುಕ್ಷಣ ಸೀಟಿನ ಎತ್ತರ, ಲೈಟಿನ ಜಾಗ, ಎಡಬಲದ ಸಮ ಎಲ್ಲಕ್ಕೂ ಇದ್ದ ಆಧಾರ ಹೋಗುತ್ತದೆ. ಒಳಗಿದ್ದ ಬಿಗಿತ ಬಿಚ್ಚಿಕೊಂಡು ಎರಡು ಟ್ಯೂಬುಗಳೂ ಪಕ್ಕಕ್ಕೆ ಸರಿಯಬಹುದು. ನಿಮ್ಮ ವಾಕ್ಯದ ಜಾಗಕ್ಕೆ, ಎರಡು ಶಾಕಿನ ಬೈಕಿಗಾದರೆ, ಈ ಕರಡನ್ನು ಹಾಕಿ ನೋಡಿ:

“ಹಿಂದಿನ ಶಾಕುಗಳನ್ನು ಬಿಚ್ಚಿ, ಚಕ್ರವನ್ನು ಅದು ಏರಬಹುದಾದಷ್ಟು ಮೇಲಕ್ಕೆ ಎತ್ತಿ ನಿಲ್ಲಿಸಿ. ಆಗಲೂ ಟೈರಿಗೂ ಲಾಳಕ್ಕೂ, ಮಡ್‌ಗಾರ್ಡಿನ ಬೋಲ್ಟ್ ತಲೆಗೂ 25 ಮಿಲಿಮೀಟರ್ ತೆರಪು ಇರಬೇಕು. ಲಾಳದ ಎತ್ತರ ಇದರಿಂದಲೇ ತೀರ್ಮಾನ. ಹ್ಯಾಂಡಲ್ ತಿರುಗುವ ಮುಂದಿನ ಟ್ಯೂಬಿನ ನಡುವಿನಿಂದ ಹಿಂಚಕ್ರದ ನಡುವಿಗೆ ದಾರ ಎಳೆದು ಎಡಬಲದ ಅಳತೆ ಬರೆದುಕೊಳ್ಳಿ. ರಟ್ಟಿನಲ್ಲಿ ಲಾಳದ ಆಕಾರ ಕತ್ತರಿಸಿ ಕೂರಿಸಿ ನೋಡಿ. 25.4 ಹೊರವ್ಯಾಸ, 1.6 ಗೋಡೆಯ ಟ್ಯೂಬನ್ನು ಬಾಗಿಸಿ ಲಾಳ ಸಿದ್ಧಮಾಡಿಕೊಳ್ಳಿ. ಶಾಕ್ ಬೋಲ್ಟಿನ ಹಿಂದೆ, ಕತ್ತರಿಸುವ ಗೆರೆಗಿಂತ ಮುಂದೆ, ಎರಡೂ ಟ್ಯೂಬುಗಳಿಗೆ ಅಡ್ಡಪಟ್ಟಿಯೊಂದನ್ನು ಟ್ಯಾಕ್ ಹಾಕಿ ಬಂಧಿಸಿ. ಅದಕ್ಕೂ ಮೊದಲೇ ಬ್ಯಾಟರಿ, ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಸಂಪರ್ಕ ತೆಗೆದು, ಟ್ಯಾಂಕನ್ನು ದೂರವಿಟ್ಟಿರಬೇಕು. ವೆಲ್ಡಿಂಗ್ ಯಂತ್ರದ ಅರ್ತ್ ಕ್ಲಾಂಪು ಕೂಡುವ ಜಾಗದ ಪಕ್ಕದಲ್ಲೇ ಇರಲಿ, ಇಲ್ಲದಿದ್ದರೆ ಕರೆಂಟು ಬೇರಿಂಗುಗಳ ಮೂಲಕ ಹಾದು ಅವುಗಳನ್ನು ಕೆಡಿಸುತ್ತದೆ. ಇದೆಲ್ಲ ಆದ ಮೇಲೆ ಹಿಂಚೌಕಟ್ಟಿನ ತುದಿಯನ್ನು, ಶಾಕ್ ಬೋಲ್ಟಿನ ಹಿಂದೆ, ಕತ್ತರಿಸಿ. ಕೂಡುವ ಅಂಚಿನಿಂದ 25 ಮಿಲಿಮೀಟರ್‌ವರೆಗೆ ಬಣ್ಣ, ಕ್ರೋಮ್ ತೆಗೆದು ಹೊಳೆಯುವಂತೆ ಉಜ್ಜಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಬೇಡಿ, ವೆಲ್ಡಿಂಗಿನ ಬಿಸಿಗೆ ಅದು ವಿಷಾನಿಲವಾಗುತ್ತದೆ. ಒಳತುಂಡು ಹಾಕಿ, ಪ್ರತಿ ಕಾಲಿಗೆ ನಾಲ್ಕು ಟ್ಯಾಕ್ ಹಾಕಿ, ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆಯಿರಿ. ವ್ಯತ್ಯಾಸ 2 ಮಿಲಿಮೀಟರ್ ದಾಟಿದರೆ ಟ್ಯಾಕ್ ಕೊರೆದು ಸರಿಪಡಿಸಿ. ಪೂರ್ತಿ ವೆಲ್ಡನ್ನು ಒಂದೇ ಸುತ್ತಿನಲ್ಲಿ ಮುಗಿಸದೆ, ಎಡದಲ್ಲಿ ಕಾಲು ಸುತ್ತು, ಬಲದಲ್ಲಿ ಕಾಲು ಸುತ್ತು ಎಂದು ಬದಲಿಸುತ್ತ ಹೋಗಿ, ಎಳೆತ ಒಂದೇ ಕಡೆಗಾಗದಂತೆ. ಎರಡೂ ತುದಿ ಮುಚ್ಚಿಹೋಗುವ ಟ್ಯೂಬಿಗೆ ಮೊದಲೇ 3 ಮಿಲಿಮೀಟರ್ ತೂತು ಇರಲಿ. ಇಲ್ಲದಿದ್ದರೆ ಒಳಗಿನ ಬಿಸಿಗಾಳಿ ಕೊನೆಯ ವೆಲ್ಡನ್ನು ಊದಿ ಒಡೆಯುತ್ತದೆ.”

ಹದಿನೇಳು ವಾಕ್ಯಗಳಾದವು, ನಿಮ್ಮದು ಒಂದೇ ಇತ್ತು. ಅಧ್ಯಾಯದಲ್ಲಿ ಜಾಗ ಸಾಲದಿದ್ದರೆ ಚಿತ್ರಗಳನ್ನು ಕಡಿಮೆ ಮಾಡಿ, ‘ಕತ್ತರಿಸಿ’ಯನ್ನು ಮಾತ್ರ ಮುಂದಕ್ಕೆ ತರಬೇಡಿ.