ಬೋಧಕಿಯ ಟಿಪ್ಪಣಿ ಓದಿದ ಮೇಲೆ ಕೈಯೇ ಓಡುತ್ತಿಲ್ಲ: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ನಾನು ಚಿತ್ರಕಲಾ ಪದವಿಯ ಎರಡನೇ ವರ್ಷದ ವಿದ್ಯಾರ್ಥಿನಿ. ಒಂದು ಮೆಟ್ಟಿಲಸಾಲಿನ ಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಬೀಳುವ ಬೆಳಕನ್ನು ಇದ್ದಿಲಿನಲ್ಲಿ ಚಿತ್ರಿಸಿ, ಮಾಡಿದ ಕೆಲಸವನ್ನು ನಾನೇ ಹಿಂದಿರುಗಿ ನೋಡಿ ಬರೆದ ಅವಲೋಕನ ಬರಹದ ಜೊತೆ ಒಪ್ಪಿಸಿದೆ. ಬೋಧಕಿಯ ಟಿಪ್ಪಣಿ ಹೀಗಿತ್ತು: ‘ಕೈ ಪಳಗಿದೆ. ಆದರೆ ಎಲ್ಲವನ್ನೂ ಒಂದೇ ಕಣ್ಣಿನ ಮಟ್ಟದಿಂದ ನೋಡಿದ್ದೀರಿ. ಸುರಕ್ಷಿತವಾಗಿ ಉಳಿದಿದ್ದೀರಿ, ಧೈರ್ಯ ಮಾಡಿ. ಅವಲೋಕನ ಬರಹದಲ್ಲಿ ವರದಿ ಇದೆ, ಯೋಚನೆ ಇಲ್ಲ.’ ಹೋದ ವರ್ಷದ ಬೋಧಕರು ಇದೇ ಅಚ್ಚುಕಟ್ಟನ್ನು ಮೆಚ್ಚಿದ್ದರು. ಈಗ ಯಾರ ಮಾತು ಕೇಳಲಿ? ಎಲ್ಲರನ್ನೂ ಮೆಚ್ಚಿಸಹೊರಟರೆ ನನ್ನದು ಎನ್ನುವುದು ಏನು ಉಳಿಯುತ್ತದೆ? ಅವಲೋಕನ ಬರಹದಲ್ಲಿ ಬರೆಯಬೇಕಾದದ್ದಾದರೂ ಏನು? ಸ್ಕೆಚ್ ಪುಸ್ತಕ ತೆರೆದರೆ ಅವರ ಮಾತೇ ಕಿವಿಯಲ್ಲಿ ಕೇಳಿಸುತ್ತದೆ, ಮುಚ್ಚಿಡುತ್ತೇನೆ.

*

ಮಗಳೇ, ಬಹುಕಾಲ ಚಿತ್ರಕಲೆಯ ಪಾಠ ಹೇಳಿ ನಿವೃತ್ತಳಾದವಳು ನಾನು. ಇಂಥ ಟಿಪ್ಪಣಿ ಬರೆಯುವ ಕಡೆ ಕುಳಿತವಳಾದ್ದರಿಂದ ಮೊದಲು ಆ ಕಡೆಯ ಸಂಗತಿ ಹೇಳುತ್ತೇನೆ. ಬರೆಯುವ ಹೊತ್ತಿನಲ್ಲಿ ಬೋಧಕಿಯ ಮುಂದೆ ನಿನ್ನ ಹಾಳೆಗಳಿರುತ್ತವೆ, ನೀನಿರುವುದಿಲ್ಲ. ಪಕ್ಕದಲ್ಲಿ ಉಳಿದವರ ಹಾಳೆಗಳ ಕಟ್ಟು ಕಾದಿರುತ್ತದೆ. ಹಾಗಾಗಿ ತಾವು ಕಂಡದ್ದನ್ನೂ ನಿನ್ನಿಂದ ಬಯಸಿದ್ದನ್ನೂ ಒಂದೇ ಉಸಿರಿನಲ್ಲಿ ಬರೆದುಬಿಡುತ್ತಾರೆ. ಅವೆರಡನ್ನೂ ಬಿಡಿಸಿಕೊಳ್ಳುವ ಕೆಲಸ ನಿನ್ನದು.

‘ಒಂದೇ ಕಣ್ಣಿನ ಮಟ್ಟ’, ಅಂದರೆ ಎಲ್ಲ ಚಿತ್ರಗಳಲ್ಲೂ ಕಣ್ಣು ಒಂದೇ ಎತ್ತರದಲ್ಲಿದೆ ಎಂಬುದು ಅವರು ಕಂಡದ್ದು. ಇದನ್ನು ನೀನೇ ಪರೀಕ್ಷಿಸಬಹುದು. ಚಿತ್ರಗಳನ್ನೆಲ್ಲ ನೆಲದ ಮೇಲೆ ಸಾಲಾಗಿ ಹರಡು. ಪ್ರತಿ ಮೆಟ್ಟಿಲಿನ ಪಕ್ಕದ ಅಂಚು ನಿನ್ನಿಂದ ದೂರಕ್ಕೆ ಸರಿಯುತ್ತದೆಯಲ್ಲ, ಆ ಗೆರೆಗಳನ್ನು ಅಳತೆಪಟ್ಟಿ ಇಟ್ಟು ಹಿಂದಕ್ಕೆ ಎಳೆ. ಅವು ಕೂಡುವ ಬಿಂದು ನಿನ್ನ ಕಣ್ಣಿನ ಎತ್ತರವನ್ನು ತೋರಿಸುತ್ತದೆ. ಮೆಟ್ಟಿಲುಗಳಿಗೆ ಹೋಲಿಸಿದಾಗ ಅದು ಎಲ್ಲ ಹಾಳೆಗಳಲ್ಲೂ ಅದೇ ಎತ್ತರದಲ್ಲಿದ್ದರೆ ಬೋಧಕಿಯ ಮಾತು ನಿಜ, ನೀನು ನೋಡುವ ಎತ್ತರ ಬದಲಿಸಿಲ್ಲ. ಬಿಂದುಗಳು ಮೇಲೆ ಕೆಳಗೆ ಆಗಿದ್ದರೆ ಅವರ ಕಣ್ಣು ತಪ್ಪಿದೆ, ವಿನಯದಿಂದ ತೋರಿಸು. ‘ಧೈರ್ಯ ಮಾಡಿ’ ಎಂಬುದು ಮಾತ್ರ ಅವರ ಬಯಕೆ. ಅದನ್ನು ಅಳೆಯುವ ಪಟ್ಟಿ ಯಾರಲ್ಲೂ ಇಲ್ಲ.

ಅವರು ಕಂಡದ್ದು ನಿಜವೇ ಎಂದಿಟ್ಟುಕೊಳ್ಳೋಣ. ಅಷ್ಟಕ್ಕೇ ಅದು ದೋಷವಾಗುವುದಿಲ್ಲ. ಬೆಳಕು ಹೇಗೆ ಬದಲಾಗುತ್ತದೆ ಎಂದು ನೋಡಹೊರಟವಳು ನಿಂತ ಜಾಗವನ್ನೂ ಬದಲಿಸುತ್ತ ಹೋದರೆ ಯಾವ ಬದಲಾವಣೆ ಬೆಳಕಿನದು, ಯಾವುದು ಜಾಗದ್ದು ಎಂದು ತಿಳಿಯುವುದೇ ಇಲ್ಲ. ನೀನು ಬೇಕೆಂದೇ ಒಂದೇ ಕಡೆ ನಿಂತಿದ್ದರೆ ಅದು ಗಟ್ಟಿಯಾದ ತೀರ್ಮಾನ. ಕಾಲು ಸೋಮಾರಿಯಾಗಿ ನಿಂತಿದ್ದರೆ ಬೇರೆ ಮಾತು. ಇವೆರಡರಲ್ಲಿ ಯಾವುದು ಎಂದು ಚಿತ್ರ ಒಂದೇ ಹೇಳಲಾರದು, ನಿನ್ನ ಬರಹ ಹೇಳಬೇಕಿತ್ತು. ಬೋಧಕಿಯ ಎರಡು ಆಕ್ಷೇಪಗಳೂ ನನಗೆ ಒಂದೇ ಆಗಿ ಕಾಣುವುದು ಇದರಿಂದ. ಬರಹದಲ್ಲಿ ಕಾರಣ ಸಿಗಲಿಲ್ಲವಾದ್ದರಿಂದ ಚಿತ್ರದಲ್ಲಿ ಅವರಿಗೆ ಅಂಜಿಕೆ ಕಂಡಿತು.

ಮುಂದಿನ ಸಲ ಕೆಲಸ ಒಪ್ಪಿಸುವಾಗ ಜೊತೆಗೆ ನಿನ್ನದೇ ಪ್ರಶ್ನೆಗಳನ್ನೂ ಕಳಿಸು. ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ವಿಮರ್ಶೆಗೆ ಒಂದು ಕ್ರಮ ರೂಪಿಸಿದರು. ಅದರಲ್ಲಿ ಮೊದಲು ನೋಡಿದವರು ತಮಗೆ ತಟ್ಟಿದ್ದನ್ನು ಹೇಳುತ್ತಾರೆ. ಎರಡನೆಯ ಸರದಿ ಕಲಾವಿದರದು, ತಮ್ಮ ಕೆಲಸದ ಬಗ್ಗೆ ಅವರೇ ಪ್ರಶ್ನೆ ಕೇಳುತ್ತಾರೆ. ಆಮೇಲೆ ನೋಡಿದವರು ಅಭಿಪ್ರಾಯ ಬೆರೆಸದ ಪ್ರಶ್ನೆಗಳನ್ನು ಕೇಳುತ್ತಾರೆ. ಕೊನೆಯದಾಗಿ, ಕಲಾವಿದರು ಒಪ್ಪಿದರೆ ಮಾತ್ರ ಅಭಿಪ್ರಾಯ. ನಿನ್ನ ತರಗತಿಯಲ್ಲಿ ಈ ಕ್ರಮ ಇಲ್ಲದಿರಬಹುದು, ಆದರೆ ಎರಡನೆಯ ಸರದಿಯನ್ನು ನೀನಾಗಿ ತೆಗೆದುಕೊಳ್ಳಲು ಅಡ್ಡಿಯಿಲ್ಲ. ‘ಚಿತ್ರ ಹೇಗಿದೆ?’ ಎಂದು ಕೇಳಬೇಡ. ‘ಬೆಳಗಿನ ಹಾಳೆಗೂ ಸಂಜೆಯ ಹಾಳೆಗೂ ವ್ಯತ್ಯಾಸ ನಿಮಗೆ ಮೊದಲು ಎಲ್ಲಿ ಕಂಡಿತು?’ ಎಂದು ಕೇಳು. ಇಂಥ ಪ್ರಶ್ನೆ ಬಂದಾಗ ಬೋಧಕರು ಹಾಳೆಯನ್ನು ಮತ್ತೊಮ್ಮೆ ಕೈಗೆತ್ತಿಕೊಳ್ಳುತ್ತಾರೆ. ಇದನ್ನು ನಾನು ಖಂಡಿತವಾಗಿ ಹೇಳಬಲ್ಲೆ.

— ನಿವೃತ್ತ ಚಿತ್ರಕಲಾ ಶಿಕ್ಷಕಿ

*

ಗೆಳತಿ, ನಾನು ರಂಗಶಿಕ್ಷಣದ ವಿದ್ಯಾರ್ಥಿ. ನಮ್ಮಲ್ಲಿ ಇಡೀ ನಾಟಕದ ತಾಲೀಮು ಮುಗಿದ ಕೂಡಲೇ ಎಲ್ಲರೂ ನೆಲದ ಮೇಲೆ ಕೂರುತ್ತೇವೆ, ನಿರ್ದೇಶಕರು ಬರೆದುಕೊಂಡ ಟಿಪ್ಪಣಿಗಳನ್ನು ಒಂದೊಂದಾಗಿ ಓದುತ್ತಾರೆ. ಯಾರೂ ಎದುರು ಮಾತನಾಡುವುದಿಲ್ಲ. ‘ಎರಡನೇ ದೃಶ್ಯದಲ್ಲಿ ಬಾಗಿಲಿನಿಂದ ಬೇಗ ಬಂದುಬಿಟ್ಟೆ’ ಎಂದರೆ ಬರೆದುಕೊಳ್ಳುತ್ತೇವೆ, ಮರುದಿನ ನಿಧಾನವಾಗಿ ಬಂದು ನೋಡುತ್ತೇವೆ. ಸರಿಯೋ ತಪ್ಪೋ ಎನ್ನುವುದು ಆಗ ಮೈಗೆ ಗೊತ್ತಾಗುತ್ತದೆ. ಕೂತಲ್ಲೇ ಯಾವತ್ತೂ ಗೊತ್ತಾಗುವುದಿಲ್ಲ.

ನೀವು ‘ಯಾರ ಮಾತು ಕೇಳಲಿ’ ಎಂಬುದನ್ನು ಮೊದಲೇ ತೀರ್ಮಾನಿಸಿ ಆಮೇಲೆ ಕೈ ಆಡಿಸಬೇಕು ಎಂದುಕೊಂಡಿದ್ದೀರಿ. ಅದನ್ನು ತಿರುಗಿಸಿ. ಒಳ್ಳೆಯ ಹಾಳೆ ಬೇಡ, ಯಾವುದಾದರೂ ಹಾಳೆ ತೆಗೆದುಕೊಂಡು ಮೆಟ್ಟಿಲಿನ ಕೆಳಗೆ ಅಂಗಾತ ಮಲಗಿ ಒಂದು ಚಿತ್ರ ಬರೆಯಿರಿ. ಮೇಲಿನಿಂದ ಬಗ್ಗಿ ಇನ್ನೊಂದು. ಬೋಧಕಿಯ ಸಲಹೆಯನ್ನು ಪೂರ್ತಿ ಮಾಡಿ ನೋಡಿದ ಮೇಲೆ ಬೇಡ ಎನ್ನುವುದಕ್ಕೂ ಮಾಡದೆಯೇ ಬೇಡ ಎನ್ನುವುದಕ್ಕೂ ಬಹಳ ಅಂತರವಿದೆ. ಹೋದ ವರ್ಷದವರ ಮಾತು ಹೋದ ವರ್ಷದ ಕೆಲಸಕ್ಕೆ. ಆಗ ಕೈ ಹಿಡಿತಕ್ಕೆ ಬರಬೇಕಿತ್ತು, ಬಂತು, ಮೆಚ್ಚಿದರು. ಅದರಲ್ಲಿ ವಿರೋಧ ನನಗೆ ಕಾಣುತ್ತಿಲ್ಲ.

— ರಂಗಕಲೆಯ ವಿದ್ಯಾರ್ಥಿ

*

ಪತ್ರ ಬರೆದ ಸೋದರಿಗೆ,

ಅವಲೋಕನ ಬರಹದ ಬಗ್ಗೆ ನೀವು ಕೇಳಿದ ಪ್ರಶ್ನೆಗೇ ನಾನು ಅಂಟಿಕೊಳ್ಳುತ್ತೇನೆ. ಕಲಾ ವಿದ್ಯಾರ್ಥಿಗಳನ್ನು ಇಷ್ಟು ಗೋಳಾಡಿಸುವ ಇನ್ನೊಂದು ಕೆಲಸವಿಲ್ಲ. ಚಿತ್ರ ಮುಗಿದು ಒಪ್ಪಿಸುವ ಹಿಂದಿನ ರಾತ್ರಿ ಕೂತು ಬರೆಯುವುದೇ ಇದರ ಮೂಲ ತೊಂದರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅಷ್ಟು ಹೊತ್ತಿಗೆ ಮುಗಿದ ಚಿತ್ರ ಕಣ್ಣಮುಂದೆ ನಿಂತಿರುತ್ತದೆ. ದಾರಿಯಲ್ಲಿ ಎಲ್ಲಿ ತಡವರಿಸಿದೆವು, ಯಾವುದನ್ನು ಬಿಟ್ಟೆವು ಎಂಬುದೆಲ್ಲ ಅದರಡಿ ಹೂತುಹೋಗಿರುತ್ತದೆ. ನೆನಪಿನಲ್ಲಿ ಉಳಿಯುವುದು ಕೆಲಸಗಳ ಪಟ್ಟಿ ಮಾತ್ರ. ಹೀಗೆ:

‘ಮೊದಲು ಮಧ್ಯಾಹ್ನದ ಚಿತ್ರ ಮಾಡಿದೆ. ಇದ್ದಿಲು ಬಳಸಿದೆ. ನೆರಳುಗಳನ್ನು ಗಾಢಗೊಳಿಸಿದೆ. ಫಲಿತಾಂಶ ತೃಪ್ತಿ ತಂದಿತು.’

ನಿಮ್ಮ ಚಿತ್ರಗಳನ್ನು ನಾನು ನೋಡಿಲ್ಲ. ಆದರೆ ಇದ್ದಿಲಿನಲ್ಲಿ ಮೆಟ್ಟಿಲು ಬರೆದವರಿಗೆ ಎದುರಾಗಬಹುದಾದ ಒಂದು ಸಂಗತಿಯನ್ನು ಊಹಿಸಿ, ಬರಹ ಹೇಗಿರಬಹುದು ಎಂದು ತೋರಿಸುತ್ತೇನೆ:

‘ಸಂಜೆಯ ಹಾಳೆಯಲ್ಲಿ ನೆರಳನ್ನು ಎಷ್ಟು ಕಪ್ಪಾಗಿಸಿದರೂ ಬೆಳಕು ಬೆಳಗಲಿಲ್ಲ. ಆಮೇಲೆ ನೋಡಿದರೆ ಹಾಳೆಯ ಬಿಳಿಯನ್ನು ನಾನು ಎಲ್ಲೂ ಬಿಟ್ಟೇ ಇರಲಿಲ್ಲ, ಕೈಯ ಬದಿ ತಗುಲಿ ಎಲ್ಲ ಕಡೆ ತೆಳುಬೂದು ಹರಡಿತ್ತು. ಮೆತ್ತನೆಯ ರಬ್ಬರನ್ನು ಚೂಪಾಗಿ ಹಿಚುಕಿ ಒಂದು ಮೆಟ್ಟಿಲಿನ ಅಂಚಿನ ಇದ್ದಿಲನ್ನು ಮಾತ್ರ ಎತ್ತಿದೆ. ಇಡೀ ಮೆಟ್ಟಿಲು ಮುಂದಕ್ಕೆ ಬಂತು. ನಾನು ನೆರಳಿನ ಹಿಂದೆ ಬಿದ್ದಿದ್ದೆ, ಬೆಳಕು ಅಂಚಿನಲ್ಲಿತ್ತು. ಮುಂದಿನ ಹಾಳೆಯನ್ನು ಮೊದಲೇ ಪೂರ್ತಿ ಬೂದು ಮಾಡಿಕೊಂಡು ರಬ್ಬರಿನಿಂದಲೇ ಶುರು ಮಾಡಲಿದ್ದೇನೆ.’

ಇದರಲ್ಲಿ ದೊಡ್ಡ ಮಾತು ಒಂದೂ ಇಲ್ಲ, ಯಾವ ಕಲಾವಿದರ ಹೆಸರೂ ಇಲ್ಲ. ಆದರೂ ಓದಿದವರಿಗೆ ಮೂರು ವಿಷಯ ತಿಳಿಯುತ್ತದೆ: ಏನು ಹುಡುಕುತ್ತಿದ್ದಿರಿ, ಎಲ್ಲಿ ಚಿತ್ರ ನಿಮ್ಮ ಮಾತು ಕೇಳಲಿಲ್ಲ, ಅದರಿಂದ ಮುಂದಿನ ಹೆಜ್ಜೆ ಹೇಗೆ ಬದಲಾಯಿತು. ವೃತ್ತಿಗಳಲ್ಲಿನ ಯೋಚನೆಯ ಕ್ರಮವನ್ನು ಅಧ್ಯಯನ ಮಾಡಿದ ಡೊನಾಲ್ಡ್ ಶೋನ್ 1983ರಲ್ಲಿ ಎರಡು ಬಗೆಯ ಅವಲೋಕನವನ್ನು ಗುರುತಿಸಿದರು. ಒಂದು, ಕೆಲಸ ಮುಗಿದ ಮೇಲೆ ಹಿಂದಿರುಗಿ ನೋಡುವುದು. ಇನ್ನೊಂದು, ಕೆಲಸ ನಡೆಯುತ್ತಿರುವಾಗಲೇ ಕೈಯ ಜೊತೆಗೆ ಸಾಗುವುದು. ವಾಸ್ತುಶಿಲ್ಪದ ತರಗತಿಯೊಂದರಲ್ಲಿ ಬೋಧಕ ಮತ್ತು ವಿದ್ಯಾರ್ಥಿನಿ ನಕ್ಷೆಯ ಮೇಲೆ ಗೆರೆ ಎಳೆಯುತ್ತ ಮಾತನಾಡುವುದನ್ನು ಅವರು ಸೂಕ್ಷ್ಮವಾಗಿ ಗಮನಿಸಿ, ಎಳೆದ ಗೆರೆ ಎಳೆದವರಿಗೆ ಮರುಮಾತು ಹೇಳುತ್ತದೆ ಎಂಬುದನ್ನು ತೋರಿಸಿಕೊಟ್ಟರು. ನಿಮ್ಮ ಬೋಧಕಿ ಕೇಳುತ್ತಿರುವುದು ಆ ಮರುಮಾತನ್ನು. ಚಿತ್ರ ನಿಮಗೆ ಏನೋ ಹೇಳಿದೆ, ನೀವು ಅದಕ್ಕೆ ಹೇಗೋ ಉತ್ತರಿಸಿದ್ದೀರಿ. ಆ ಮಾತುಕತೆ ಬರಹದೊಳಗೆ ಬಂದಿಲ್ಲ, ಅಷ್ಟೇ.

ಅದನ್ನು ಹಿಡಿದಿಡುವ ಸುಲಭದ ದಾರಿ ನಿಮ್ಮ ಮೊಬೈಲಿನಲ್ಲೇ ಇದೆ. 1935ರಲ್ಲಿ ಫ್ರಾನ್ಸಿನ ಚಿತ್ರಕಾರ ಆನ್ರಿ ಮಟೀಸ್ ಒರಗಿ ಮಲಗಿದ ನಗ್ನ ಆಕೃತಿಯ ಒಂದೇ ಚಿತ್ರವನ್ನು ತಿಂಗಳುಗಟ್ಟಲೆ ತಿದ್ದುತ್ತ, ಅದರ 22 ಹಂತಗಳ ಛಾಯಾಚಿತ್ರ ತೆಗೆಸಿಟ್ಟರು. ಮೊದಮೊದಲ ಹಂತಗಳಲ್ಲಿ ಕೋಣೆಗೆ ಆಳವಿದೆ, ಮೈಗೆ ಸಹಜವಾದ ಉಬ್ಬುತಗ್ಗುಗಳಿವೆ. ಬರಬರುತ್ತ ಹಿನ್ನೆಲೆ ಚೌಕಳಿಯಾಗಿ ಚಪ್ಪಟೆಯಾಗುತ್ತದೆ, ಆಕೃತಿ ಚೌಕಟ್ಟನ್ನೇ ತುಂಬಿಕೊಳ್ಳುತ್ತದೆ. ಕೊನೆಯ ಚಿತ್ರವೊಂದನ್ನೇ ನೋಡಿದವರಿಗೆ ಅದೆಲ್ಲ ಒಂದೇ ಸಲಕ್ಕೆ ಒದಗಿ ಬಂದದ್ದು ಎನಿಸೀತು. ನೀವೂ ಕೈ ನಿಲ್ಲಿಸಿದಾಗಲೆಲ್ಲ ಒಂದು ಚಿತ್ರ ಕ್ಲಿಕ್ಕಿಸಿ, ಅದರ ಕೆಳಗೆ ಒಂದೇ ವಾಕ್ಯ ಬರೆದಿಡಿ: ಈಗ ಏಕೆ ನಿಲ್ಲಿಸಿದೆ? ಕೊನೆಯ ರಾತ್ರಿ ಮಾಡಬೇಕಾದದ್ದು ಆ ವಾಕ್ಯಗಳಲ್ಲಿ ಬೇಕಾದವನ್ನು ಆರಿಸುವುದು ಮಾತ್ರ. ‘ತುಂಬಾ ಕಲಿತೆ’, ‘ಸುಧಾರಿಸಿಕೊಳ್ಳುತ್ತೇನೆ’ ಎಂಬಂಥ ಮಾತುಗಳನ್ನು ದಯವಿಟ್ಟು ಹೊಡೆದುಹಾಕಿ. ಬೋಧಕಿಗೆ ನಿಮ್ಮ ಕ್ಷಮಾಪಣೆಯೂ ಬೇಕಿಲ್ಲ, ಭರವಸೆಯೂ ಬೇಕಿಲ್ಲ.

— ಒಬ್ಬ ಚಿತ್ರಕಾರ

*

ಒಂದು ಚಿಕ್ಕ ಸೂಚನೆ. ಪತ್ರದಲ್ಲಿ ಅಂಕದ ವಿಷಯ ಬಂದಿಲ್ಲ, ಆದರೆ ಟಿಪ್ಪಣಿಯ ಪಕ್ಕದಲ್ಲೇ ಅಂಕವೂ ಇದ್ದಿರಬೇಕು. 1988ರಲ್ಲಿ ರುತ್ ಬಟ್ಲರ್ ಎಂಬ ಸಂಶೋಧಕಿ ಶಾಲಾ ಮಕ್ಕಳ ಮೂರು ಗುಂಪುಗಳನ್ನು ಹೋಲಿಸಿದರು. ಒಂದಕ್ಕೆ ಬರೀ ಅಂಕ, ಇನ್ನೊಂದಕ್ಕೆ ಬರೀ ಟಿಪ್ಪಣಿ, ಮತ್ತೊಂದಕ್ಕೆ ಎರಡೂ. ಟಿಪ್ಪಣಿ ಮಾತ್ರ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು, ಅವರ ಆಸಕ್ತಿಯೂ ಉಳಿಯಿತು. ಅಂಕ ಜೊತೆಗೂಡಿದಾಗ ಟಿಪ್ಪಣಿಯ ಪ್ರಯೋಜನ ಅಳಿಸಿಹೋಯಿತು. ಶಾಲಾ ಮಕ್ಕಳ ಮೇಲೆ ನಡೆದ ಅಧ್ಯಯನವಾದರೂ ದೊಡ್ಡವರ ಮನಸ್ಸೂ ಹೀಗೆಯೇ ನಡೆಯುವುದನ್ನು ನಾನು ದಿನವೂ ತರಗತಿಯಲ್ಲಿ ನೋಡುತ್ತೇನೆ. ಟಿಪ್ಪಣಿಯನ್ನು ಬೇರೆ ಹಾಳೆಗೆ ನಿಮ್ಮ ಕೈಯಲ್ಲೇ ನಕಲು ಮಾಡಿಕೊಳ್ಳಿ, ಅಂಕವನ್ನು ಬಿಟ್ಟು. ಆಮೇಲೆ ಓದಿ. ‘ಕೈ ಪಳಗಿದೆ’ ಎಂಬ ಮೊದಲ ವಾಕ್ಯ ಬಹುಶಃ ಆಗ ಮೊದಲ ಬಾರಿಗೆ ಕಣ್ಣಿಗೆ ಬೀಳುತ್ತದೆ. ಅದೂ ಅವರೇ ಬರೆದದ್ದು.

— ಒಬ್ಬ ಅಧ್ಯಾಪಕಿ

*

ತಂಗಿ, ‘ನನ್ನದು ಎನ್ನುವುದು ಏನು ಉಳಿಯುತ್ತದೆ’ ಎಂಬ ನಿನ್ನ ಅಳಲು ನನ್ನನ್ನು ಬಹಳ ಕಾಡಿತು. ನಾನು ಚಿತ್ರ ಬರೆಯುವವನಲ್ಲ, ಕವಿತೆ ಬರೆಯುತ್ತೇನೆ. ಆದರೂ ಈ ಮಾತಿಗೆ ಚಿತ್ರಕಾರನೊಬ್ಬನ ಬದುಕಿನಿಂದಲೇ ಉತ್ತರ ತರುತ್ತೇನೆ.

1885ರಲ್ಲಿ ವಿನ್ಸೆಂಟ್ ವ್ಯಾನ್ ಗೋ ‘ಆಲೂಗಡ್ಡೆ ತಿನ್ನುವವರು’ ಚಿತ್ರವನ್ನು ಮಾಡುತ್ತಿದ್ದಾಗ ಅದರದೇ ಒಂದು ಕಲ್ಲಚ್ಚಿನ ಪ್ರತಿಯನ್ನು ಚಿತ್ರಕಾರ ಗೆಳೆಯ ಆಂಟನ್ ವ್ಯಾನ್ ರಾಪಾರ್ಡ್‌ಗೆ ಕಳಿಸಿದ. ಗೆಳೆಯನ ಉತ್ತರ ಕಟುವಾಗಿತ್ತು. ಬಲಗಡೆ ಕೂತವನ ತೋಳು ಗಿಡ್ಡವಾಗಿದೆ, ಮೂಗಿನ ಅರ್ಧವೇ ಇಲ್ಲ, ಇಂಥದ್ದನ್ನು ಮನಸ್ಸಿಟ್ಟು ಮಾಡಿದ್ದೀಯೆಂದು ಹೇಗೆ ನಂಬಲಿ ಎಂಬ ಧಾಟಿ. ರಾಪಾರ್ಡ್ ನೋಡಿದ್ದು ಅಚ್ಚಿನ ಪ್ರತಿಯನ್ನು, ಬಣ್ಣದ ಚಿತ್ರವನ್ನಲ್ಲ. ವಿನ್ಸೆಂಟ್ ಕೆರಳಿ ಆ ಪತ್ರವನ್ನೇ ಹಿಂದಿರುಗಿಸಿದ. ಆ ಗೆಳೆತನ ಮತ್ತೆ ಮೊದಲಿನಂತಾಗಲಿಲ್ಲ.

ಆ ಜಗಳಕ್ಕಿಂತ ಅದರ ನಂತರ ಅವನು ಮಾಡಿದ್ದು ನನಗೆ ಮುಖ್ಯ. ಅದೇ ಬೇಸಿಗೆಯಲ್ಲಿ ಅವನು ಹೊಲದಲ್ಲಿ ದುಡಿಯುವವರನ್ನು, ಬಗ್ಗಿದವರನ್ನು, ಅಗೆಯುವವರನ್ನು ದೊಡ್ಡ ದೊಡ್ಡ ಹಾಳೆಗಳಲ್ಲಿ ಬರೆಯುತ್ತ ಹೋದ. ಗೆಳೆಯ ಕುಂದು ಎತ್ತಿ ತೋರಿಸಿದ್ದೂ ಮನುಷ್ಯಾಕೃತಿಯನ್ನೇ. ಇತ್ತ ಚಿತ್ರದ ಮೇಲಿನ ನಂಬಿಕೆಯನ್ನೂ ಬಿಟ್ಟುಕೊಡಲಿಲ್ಲ. 1887ರಲ್ಲಿ ಪ್ಯಾರಿಸ್‌ನಿಂದ ತಂಗಿಗೆ ಬರೆದ ಪತ್ರದಲ್ಲಿ, ತಾನು ಮಾಡಿದ್ದರಲ್ಲೆಲ್ಲ ಅದೇ ಉತ್ತಮ ಎಂದ. ಹೀಗೆ ತೋಳಿನ ಮಾತು ನಿಜವಿರಬಹುದು ಎನ್ನುತ್ತಲೇ ಚಿತ್ರ ಹುಸಿ ಎಂಬ ಮಾತನ್ನು ತಳ್ಳಿಹಾಕುವುದು ಸಾಧ್ಯ. ಎಲ್ಲವನ್ನೂ ಒಪ್ಪಬೇಕು ಅಥವಾ ಎಲ್ಲವನ್ನೂ ಬಿಡಬೇಕು ಎಂಬ ಹಟ ಎಲ್ಲಿಂದ ಬಂತೋ ನನಗೆ ತಿಳಿಯದು. ಅದು ಎಳೆಯ ಕಲಾವಿದರನ್ನು ಬಹಳ ನೋಯಿಸುತ್ತದೆ.

ಪತ್ರ ಹಿಂದಿರುಗಿಸುವುದನ್ನು ಮಾತ್ರ ಅವನಿಂದ ಕಲಿಯಬೇಡ. ಒಪ್ಪದ ಮಾತಿಗೆ ನಿನ್ನ ಅವಲೋಕನ ಬರಹದಲ್ಲೇ ಜಾಗವಿದೆ. ‘ಕಣ್ಣಿನ ಮಟ್ಟ ಬದಲಿಸಿ ನೋಡಿದೆ. ಕೆಳಗಿನಿಂದ ನೋಡಿದಾಗ ಮೆಟ್ಟಿಲುಗಳು ಹಿರಿದಾಗಿ ಕಂಡವು, ಆದರೆ ಬೆಳಕಿಗಿಂತ ಎತ್ತರವೇ ಚಿತ್ರದ ವಿಷಯವಾಗಿಬಿಟ್ಟಿತು. ಹಾಗಾಗಿ ಮೊದಲಿನ ಜಾಗಕ್ಕೇ ಮರಳಿದೆ’ ಎಂದು ಬರೆದು, ಬಿಟ್ಟ ಆ ಚಿತ್ರವನ್ನೂ ಜೊತೆಗೆ ಲಗತ್ತಿಸು. ಒಳ್ಳೆಯ ಬೋಧಕಿಯಾದರೆ ಅದಕ್ಕೆ ಮರುಪ್ರಶ್ನೆ ಹಾಕುತ್ತಾರೆ. ಉತ್ತರ ಬಾರದಿದ್ದರೆ ಹತ್ತು ನಿಮಿಷ ಸಮಯ ಕೇಳಿಕೊಂಡು, ಎರಡೂ ಹಾಳೆಗಳನ್ನು ಹಿಡಿದು ಅವರ ಮುಂದೆ ಹೋಗು.

— ಕವಿತೆ ಬರೆಯುವ ಒಬ್ಬ ಓದುಗ