ಸೀನನ ತೂಕ, ಗುಂಡಿನ ತೂಕ

ಕನ್ನಡದಲ್ಲಿ ‘ಗುಂಡು’ ಅಂತ ಒಂದು ಪದ ಇದೆಯಲ್ಲ, ಸಂಸಾರ ಕೆಡಿಸುವುದರಲ್ಲಿ ಅದನ್ನು ಮೀರಿಸುವ ಪದ ಇನ್ನೊಂದಿಲ್ಲ. “ಗುಂಡಿನ ವಿಷಯ ಮಾತಾಡಬೇಕು, ಸಂಜೆ ಬಾ. ಐವತ್ತೈದು ಸಾಕಾ, ಜಾಸ್ತಿ ಬೇಕಾ ಅಂತ ತೀರ್ಮಾನ ಮಾಡಿಬಿಡೋಣ” ಅಂತ ನಾನು ಸೀನನಿಗೆ ಫೋನಿನಲ್ಲಿ ಹೇಳಿದ್ದು ಒಳಗೆ ಕೇಳಿಸಿತು. ಪಾತ್ರೆಗಳ ಸದ್ದು ಜೋರಾಯಿತು. ಇದು ರೈಫಲ್ ಗುಂಡು ಕಣೇ, ಐವತ್ತೈದು ಅಂದರೆ ಅದರ ತೂಕ ಕಣೇ ಅಂತ ಒಪ್ಪಿಸುವಷ್ಟರಲ್ಲಿ ಸಂಜೆಯೇ ಆಯಿತು.

ವಿಷಯ ಇಷ್ಟೇ. ನನ್ನ ಕೈಗೆ ಒಂದು ಹಳೆಯ, .223 ಅಳತೆಯ ತೋಟಾ ಹಾರಿಸುವ ರೈಫಲ್ ಬಂದಿತ್ತು. ಲೈಸೆನ್ಸು, ಬೇಟೆಯ ಪರ್ಮಿಟ್ಟು ಎಲ್ಲ ಸರಿಯಾಗಿತ್ತು. ತೋಟಾ ತರಲು ಹೋದರೆ ಒಂದೇ ಅಳತೆಯ ತೋಟಾದಲ್ಲಿ 40, 45, 50, 55, 62, 69, 77 ಅಂತ ಡಬ್ಬಿಗಳ ಸಾಲು. ಬಸ್ಸಿನ ನಂಬರ್ ಇದ್ದ ಹಾಗೆ. ಯಾವುದು ಹತ್ತಿದರೆ ಎಲ್ಲಿ ಇಳಿಯುತ್ತೇನೋ ಗೊತ್ತಿಲ್ಲ. ಬರಿಗೈಯಲ್ಲಿ ವಾಪಸ್ ಬಂದೆ.

ಸಂಜೆ ಮೂವರೂ ಬಂದರು. ಸೀನನ ತೂಕ ನೂರರ ಗಡಿ ದಾಟಿ ಬಹಳ ವರ್ಷವಾಯಿತು. ನಾಣಿ, ಗಾಳಿ ಜೋರಾದರೆ ಜೇಬಿಗೆ ಕಲ್ಲು ಹಾಕಿಕೊಂಡು ಓಡಾಡಬೇಕಾದ ಆಸಾಮಿ. ಮೂರನೆಯವರು ಮೇಷ್ಟ್ರು. ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಉತ್ತರ ಗೊತ್ತಿದ್ದರೂ ನಾವೆಲ್ಲ ತಪ್ಪು ಹೇಳಿ ಮುಗಿಯುವವರೆಗೆ ಬಾಯಿ ಬಿಡುವುದಿಲ್ಲ. ಹಳೇ ಚಾಳಿ.

ಸೀನ ಬಂದವನೇ ಚೀಲದಿಂದ ಒಂದು ಡಬ್ಬಿ ತೆಗೆದು ಮೇಜಿನ ಮೇಲೆ ದಢಕ್ಕನೆ ಇಟ್ಟ. “77 ಗ್ರೇನ್. ಗುಂಡು ಅಂದರೆ ಇದು. ಏಳು ವರ್ಷದಿಂದ ನಾನು ಬೇರೆ ಗುಂಡು ಮುಟ್ಟಿಲ್ಲ. ನೀನೂ ಇದನ್ನೇ ಹಾಕು.”

“ಮೊಲಕ್ಕೆ 77 ಗ್ರೇನಾ? ಗುಬ್ಬಿ ಮೇಲೆ ಬ್ರಹ್ಮಾಸ್ತ್ರ!” ಅಂದ ನಾಣಿ. “40 ಹಾಕು ಮಾರಾಯ. ಹಗುರ ಇದ್ದಷ್ಟೂ ವೇಗ. ನನ್ನನ್ನೇ ನೋಡು.”

“ನೋಡುತ್ತಲೇ ಇದ್ದೇನೆ. ಕಾಣಿಸುತ್ತಿಲ್ಲ” ಅಂದ ಸೀನ.

ಮೇಷ್ಟ್ರು ಕನ್ನಡಕ ಒರೆಸುತ್ತಾ, “ಮೊದಲು ಒಂದು ಹೇಳಿ. ಗ್ರೇನ್ ಅಂದರೆ ಏನು?” ಎಂದರು.

ನಾಣಿ ಕೈ ಎತ್ತಿದ. ವಯಸ್ಸು ಐವತ್ತಾದರೂ ಮೇಷ್ಟ್ರ ಮುಂದೆ ಅವನು ಕೈ ಎತ್ತಿಯೇ ಮಾತಾಡುವುದು. “ಗ್ರೇನ್ ಅಂದರೆ ಕಾಳು. 40 ಗ್ರೇನ್ ಅಂದರೆ ತೋಟಾ ಒಳಗೆ 40 ಕಾಳು ಮದ್ದು.” ಸೀನ ಹೊಟ್ಟೆ ಕುಣಿಸಿ ನಕ್ಕ. “ಅಯ್ಯೋ ಪೆದ್ದೇ, ಗ್ರಾಮನ್ನೇ ಇಂಗ್ಲಿಷಿನವರು ಗ್ರೇನ್ ಅನ್ನುತ್ತಾರೆ.”

“77 ಗ್ರಾಂ ಗುಂಡು ಈ ಕೋವಿಯಲ್ಲಿ ಹೊಡೆದರೆ ಮೊಲ ಬೀಳುತ್ತದೋ ಇಲ್ಲವೋ, ಹಿಂದೆ ನೀನಂತೂ ಬೀಳುತ್ತೀ” ಅಂದರು ಮೇಷ್ಟ್ರು. ಅಂತೂ ಪಾಠ ಶುರುವಾಯಿತು. ಗ್ರೇನ್ ಎನ್ನುವುದು ತೂಕ. ಹಿಂದೆ ಒಂದು ಬಾರ್ಲಿ ಕಾಳಿನ ತೂಕವನ್ನು ಹಿಡಿದು ಮಾಡಿಕೊಂಡ ಲೆಕ್ಕ. 7,000 ಗ್ರೇನ್ ಸೇರಿದರೆ ಒಂದು ಪೌಂಡ್. ಒಂದು ಗ್ರಾಮಿಗೆ ಸುಮಾರು 15.4 ಗ್ರೇನ್. ಅಂದರೆ ಸೀನ ದಢಕ್ಕನೆ ಇಟ್ಟ ಭಾರೀ ಗುಂಡು ಒಂದೊಂದೂ ಬರೀ 5 ಗ್ರಾಂ. ನಾಣಿಯ 40 ಗ್ರೇನ್ ಎರಡೂವರೆ ಗ್ರಾಮಿಗೆ ಸ್ವಲ್ಪ ಜಾಸ್ತಿ. ಡಬ್ಬಿಯ ಮೇಲೆ ಬರೆದಿರುವುದು ಮುಂದೆ ಹಾರಿಹೋಗುವ ಗುಂಡಿನ ತೂಕ ಮಾತ್ರ. ಮದ್ದಿನದು ಬೇರೆ. .223 ತೋಟಾದಲ್ಲಿ ಅದು 25 ಗ್ರೇನ್ ಆಸುಪಾಸು.

“ಹಾಗಾದರೆ ನಾವಿಬ್ಬರೂ ಜಗಳವಾಡುತ್ತಿರುವುದು ಎರಡೂವರೆ ಗ್ರಾಮಿಗಾ?” ಅಂತ ನಾಣಿಗೆ ಬೇಜಾರಾಯಿತು.

“ಇನ್ನೂ ಬೇಜಾರಾಗುವ ವಿಷಯ ಇದೆ, ಕೇಳು” ಅಂದರು ಮೇಷ್ಟ್ರು. ಕಾಗದ ಬಂತು, ಪೆನ್ನು ಬಂತು. 40 ಗ್ರೇನ್ ಗುಂಡು ನಳಿಗೆಯಿಂದ ಹೊರಡುವಾಗ ಸೆಕೆಂಡಿಗೆ 3,700 ಅಡಿಯ ಆಸುಪಾಸು ಓಡುತ್ತದೆ. 55 ಗ್ರೇನಿನದು 3,240 ಅಡಿ. ಸೀನನ 77 ಹೆಚ್ಚೆಂದರೆ 2,750. ತೂಕವನ್ನು ವೇಗದ ವರ್ಗದಿಂದ ಗುಣಿಸಿ 4,50,240ರಿಂದ ಭಾಗಿಸಿದರೆ ಅಡಿ-ಪೌಂಡ್ ಲೆಕ್ಕದಲ್ಲಿ ಶಕ್ತಿ ಸಿಗುತ್ತದೆ. ಗುಣಿಸಿದರು, ಭಾಗಿಸಿದರು. ನಾಣಿಯದು 1,216. ನಡುವಿನದು 1,282. ಸೀನನದು 1,293.

ಇಬ್ಬರೂ ಕಾಗದವನ್ನು ತಿರುಗಿಸಿ ನೋಡಿದರು. ಹಿಂದೆ ಏನೂ ಇರಲಿಲ್ಲ.

“ಒಂದೇ ಮದ್ದು, ಒಂದೇ ನಳಿಗೆ. ಭಾರದ್ದನ್ನು ನಿಧಾನವಾಗಿ ತಳ್ಳುತ್ತದೆ, ಹಗುರದ್ದನ್ನು ಜೋರಾಗಿ ತಳ್ಳುತ್ತದೆ. ಕೂಲಿ ಅಷ್ಟೇ” ಅಂದರು ಮೇಷ್ಟ್ರು. ನನಗೆ ಈ ಮಾತು ಬಹಳ ಹಿಡಿಸಿತು. ಡಬ್ಬಿಯ ಮೇಲಿನ ನಂಬರ್ ದೊಡ್ಡದಾದರೆ ಹೊಡೆತವೂ ದೊಡ್ಡದು ಅಂತಲೇ ನಾನೂ ನಂಬಿದ್ದೆ.

“ಅದು ಬಾಗಿಲಲ್ಲಿ” ಅಂದ ಸೀನ, ಸೋಲುವ ಜಾತಿಯವನಲ್ಲ. “ದೂರಕ್ಕೆ ಹೋದಮೇಲೆ?” ಅದು ನ್ಯಾಯವಾದ ಪ್ರಶ್ನೆ. ಭಾರದ ಗುಂಡು ಉದ್ದವಾಗಿರುತ್ತದೆ, ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ವೇಗ ಬೇಗ ಕಳೆದುಕೊಳ್ಳುವುದಿಲ್ಲ. ಹಗುರದ್ದು ಹೊರಡುವಾಗ ಗಂಡುಗಲಿ. ಇನ್ನೂರು ಮುನ್ನೂರು ಗಜ ಕಳೆಯುವಷ್ಟರಲ್ಲಿ ಏದುಸಿರು. ಪಕ್ಕದಿಂದ ಗಾಳಿ ಬೀಸಿದರೆ ಇನ್ನೂ ಕಷ್ಟ. ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಹೇಳಿದ್ದನ್ನು 40 ಗ್ರೇನ್ ಗುಂಡು ಬಹಳ ಶ್ರದ್ಧೆಯಿಂದ ಪಾಲಿಸುತ್ತದೆ. ಆದರೆ ನೂರು, ನೂರೈವತ್ತು ಗಜದೊಳಗೆ ಈ ವ್ಯತ್ಯಾಸ ಅಷ್ಟೇನೂ ಕಾಡುವುದಿಲ್ಲ. ಅಲ್ಲಿ ಹಗುರದ ಗುಂಡಿನ ದಾರಿ ನೇರ, ದೂರ ಅಂದಾಜು ಮಾಡುವುದರಲ್ಲಿ ಸ್ವಲ್ಪ ತಪ್ಪಿದರೂ ನಡೆಯುತ್ತದೆ.

ನಾಣಿಯ ಹತ್ತಿರ ಒಂದು .22 ಎಲ್‌ಆರ್ ಇದೆ, ‘ಲಾಂಗ್ ರೈಫಲ್’ ಎನ್ನುವ ಪುಟ್ಟ ತೋಟಾ ಹಾರಿಸುವ ಕೋವಿ. ಅದರ ಮಾಮೂಲಿ ಗುಂಡು 40 ಗ್ರೇನ್. “ಅದಕ್ಕೂ ವೇಗದ ತೋಟಾನೇ ಹಾಕುತ್ತೇನೆ, ಗಾಳಿಗೆ ಸರಿಯದಿರಲಿ ಅಂತ” ಅಂದ. ಮೇಷ್ಟ್ರು ಅದನ್ನೂ ಬಿಡಲಿಲ್ಲ. ಶಬ್ದದ ವೇಗ ಸೆಕೆಂಡಿಗೆ ಸುಮಾರು 1,120 ಅಡಿ. ಅದನ್ನು ಸ್ವಲ್ಪ ಮೀರಿ ಹೊರಡುವ ಗುಂಡಿಗೆ ಗಾಳಿಯ ತಡೆ ಒಮ್ಮೆಗೇ ಏರುತ್ತದೆ. ಹಾಗಾಗಿ .22 ಎಲ್‌ಆರ್‌ನಲ್ಲಿ 1,250ರಲ್ಲಿ ಹೊರಟ ಗುಂಡು, 1,050ರಲ್ಲಿ ಹೊರಟದ್ದಕ್ಕಿಂತ ನೂರು ಗಜದಲ್ಲಿ ಹೆಚ್ಚು ಸರಿಯುತ್ತದೆ. ನಾಣಿ ಐದು ನಿಮಿಷ ಮಾತಾಡಲಿಲ್ಲ. ಅವನ ಮಟ್ಟಿಗೆ ಅದು ಮೌನವ್ರತ.

“ಸರಿ, ಹೊಡೆಯುವುದು ಏನನ್ನು?” ಅಂತ ಮೇಷ್ಟ್ರು ನನ್ನ ಕಡೆ ತಿರುಗಿದರು. ಮೊಲ, ನರಿ ಅಂದೆ. ಮುಂದೆ ಯಾವಾಗಲಾದರೂ ಚಿಕ್ಕ ಜಿಂಕೆ ಅಂದೆ. “ಹಾಗಾದರೆ ತೂಕ ಅರ್ಧ ಮಾತು. ಗುಂಡಿನ ಅಂಗಿ ಇನ್ನರ್ಧ” ಅಂದರು. ಅಂಗಿ ಅಂದರೆ ಸೀಸದ ಮೇಲಿನ ತಾಮ್ರದ ಕವಚ. ಅದು ತೆಳ್ಳಗಿದ್ದರೆ ಗುಂಡು ತಗುಲಿದ ಕೂಡಲೇ ಒಡೆದು ಚೂರಾಗುತ್ತದೆ. ನರಿಗೆ ಅದು ಸರಿ. ಅದನ್ನೇ ಜಿಂಕೆಗೆ ಹೊಡೆದರೆ ಭುಜದ ಮೇಲೆಯೇ ಒಡೆದು, ಒಳಗೆ ಇಳಿಯದೆ, ಪ್ರಾಣಿ ನರಳುತ್ತಾ ಓಡಿಹೋಗುತ್ತದೆ. ಅದಕ್ಕಿಂತ ಪಾಪ ಇಲ್ಲ. ಜಿಂಕೆಗೆ ದಪ್ಪ ಕವಚದ, ನಿಧಾನಕ್ಕೆ ಅರಳುವ ಗುಂಡು ಬೇಕು. 55 ಗ್ರೇನ್ ಅಂತಲೇ ಬರೆದಿರುವ ಎರಡು ಡಬ್ಬಿಗಳಲ್ಲಿ ಒಂದು ಆ ಥರ, ಇನ್ನೊಂದು ಈ ಥರ ಇರಬಹುದು. ಕೆಲವು ಕಡೆ ಕಾನೂನೇ ಗೆರೆ ಎಳೆದಿದೆ. ಇಂಗ್ಲೆಂಡಿನಲ್ಲಿ ಕಾಡುಕುರಿ ಎಂಬ ಚಿಕ್ಕ ಜಿಂಕೆಗೆ ಈ ಸಣ್ಣ ಅಳತೆಯ ರೈಫಲ್ ನಡೆಯುತ್ತದೆ, ಆದರೆ ಗುಂಡು 50 ಗ್ರೇನಿಗಿಂತ ಕಡಿಮೆ ಇರಬಾರದು, ಶಕ್ತಿ 1,000 ಅಡಿ-ಪೌಂಡಿಗಿಂತ ಇಳಿಯಬಾರದು.

“ಕೇಳಿದೆಯಾ? ನಿನ್ನ 40 ಕಾನೂನಿಗೇ ವಿರುದ್ಧ!” ಅಂತ ಸೀನ ಮೇಜು ಗುದ್ದಿದ.

ಮೇಷ್ಟ್ರು ಸೀನನ ಡಬ್ಬಿ ಕೈಗೆತ್ತಿಕೊಂಡು ಓದಿದರು. “ಇದು ಮ್ಯಾಚ್ ಗುಂಡು, ಅಂದರೆ ಗುರಿ ಸ್ಪರ್ಧೆಯ ಗುಂಡು ಕಣಪ್ಪ. ತುದಿಯಲ್ಲಿ ತೂತು ಇರುತ್ತದೆ, ನಿಜ. ಅದು ಅರಳಲಿ ಅಂತ ಮಾಡಿದ್ದಲ್ಲ. ಕವಚವನ್ನು ಬುಡದಿಂದ ಮೇಲಕ್ಕೆ ಎಳೆದು ಮಾಡುವಾಗ ತುದಿಯಲ್ಲಿ ಉಳಿದುಕೊಂಡದ್ದು. ಇದು ಕಾಗದಕ್ಕೆ ಹೊಡೆಯಲು ಮಾಡಿದ್ದು.”

“ಕಾಗದವೂ ಓಡುತ್ತದೆ, ಗಾಳಿ ಬಂದರೆ” ಅಂದ ಸೀನ. ಹೇಳಿದೆನಲ್ಲ, ಸೋಲುವ ಜಾತಿಯಲ್ಲ.

ಮರುದಿನ ಬೆಳಿಗ್ಗೆ ಶೂಟಿಂಗ್ ರೇಂಜಿಗೆ ಹೋದೆವು. ನಾಣಿ 40ರ ಡಬ್ಬಿ ತಂದ, ಮೇಷ್ಟ್ರು 50, 55ರ ಡಬ್ಬಿ ತರಿಸಿದ್ದರು. ಸೀನನ ಒತ್ತಾಯಕ್ಕೆ ಮೊದಲು 77. ಉಗುರಿನಿಂದ ಟೇಪು ಕಿತ್ತು ಡಬ್ಬಿ ಬಿಚ್ಚಿದೆ. ರೈಫಲನ್ನು ಮರಳಿನ ಚೀಲದ ಮೇಲೆ ಊರಿ, ನೂರು ಗಜದ ಕಾಗದಕ್ಕೆ ಐದು ಹೊಡೆದೆ. ಹೋಗಿ ನೋಡಿದರೆ ಕಾಗದದ ಮೇಲೆ ಮೂರೇ ತೂತು. ಅದರಲ್ಲೂ ಎರಡು ಗುಂಡಗಿರಲಿಲ್ಲ. ಬೀಗದ ಕೈಯ ಕಿಂಡಿಯ ಹಾಗೆ ಉದ್ದಕ್ಕೆ ಹರಿದಿದ್ದವು. ಗುಂಡು ಅಡ್ಡಡ್ಡ ಬಂದು ಬಡಿದಿತ್ತು!

“ಕೋವಿ ಕೆಟ್ಟಿದೆ” ಅಂದ ಸೀನ. “ಗುಂಡು ಕೆಟ್ಟಿದೆ” ಅಂದ ನಾಣಿ. ನನ್ನ ಕಣ್ಣು ಕೆಟ್ಟಿದೆ ಅಂತ ಇಬ್ಬರೂ ಸೇರಿ ಅಂದರು.

ಮೇಷ್ಟ್ರು ಇದಕ್ಕೇ ಕಾಯುತ್ತಿದ್ದರು ಅಂತ ಕಾಣುತ್ತದೆ. ರೈಫಲ್ ಖಾಲಿ ಮಾಡಿಸಿ, ಬೋಲ್ಟ್ ತೆಗೆಸಿದರು. ನಳಿಗೆ ಒರೆಸುವ ಕಡ್ಡಿಯ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತೂರಿಸಿ, ಕಡ್ಡಿಗೆ ಒಂದು ಗುರುತು ಹಾಕಿದರು. ನಿಧಾನವಾಗಿ ತಳ್ಳಿದಂತೆ ಕಡ್ಡಿ ತಾನೇ ತಿರುಗುತ್ತದೆ, ಒಳಗಿನ ತಿರುಚಿದ ಗೆರೆಗಳನ್ನು ಹಿಡಿದುಕೊಂಡು. ಒಂದು ಪೂರ್ತಿ ಸುತ್ತು ತಿರುಗಲು ಅದು ಎಷ್ಟು ಮುಂದೆ ಹೋಯಿತು ಅಂತ ಅಳೆದರು. 12 ಇಂಚು.

“ಬುಗುರಿ ಆಡಿದ್ದೀರಲ್ಲ? ಜೋರಾಗಿ ತಿರುಗುತ್ತಿದ್ದರೆ ನೆಟ್ಟಗೆ ನಿಲ್ಲುತ್ತದೆ. ಕಡಿಮೆಯಾದರೆ ತಲೆ ಆಡಿಸುತ್ತದೆ, ಆಮೇಲೆ ಬೀಳುತ್ತದೆ. ಗುಂಡು ಉದ್ದವಾದಷ್ಟೂ ಅದನ್ನು ನೆಟ್ಟಗೆ ಇಡಲು ಹೆಚ್ಚು ತಿರುಗಿಸಬೇಕು. ನೋಡಿ, ಉದ್ದ ಅಂದೆ. ತೂಕ ಅನ್ನಲಿಲ್ಲ.”

1879ರಲ್ಲಿ ವುಲ್‌ವಿಚ್‌ನ ಫಿರಂಗಿ ಕಾಲೇಜಿನ ಗ್ರೀನ್‌ಹಿಲ್ ಎಂಬ ಗಣಿತದ ಪ್ರೊಫೆಸರ್ ಇದಕ್ಕೊಂದು ಸೂತ್ರ ಮಾಡಿದರಂತೆ. ಮೇಷ್ಟ್ರ ಮುಖ ನೋಡಬೇಕಿತ್ತು. ಸ್ವಂತ ಚಿಕ್ಕಪ್ಪನ ವಿಷಯ ಹೇಳುವವರ ಹಾಗೆ ಬೀಗಿದರು. ಗುಂಡಿನ ವ್ಯಾಸದ ವರ್ಗವನ್ನು 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸು. ವೇಗ 2,800 ಅಡಿಗಿಂತ ಜಾಸ್ತಿ ಇದ್ದರೆ 150ರ ಬದಲು 180. ಹೆಸರು .223 ಆದರೂ ನಮ್ಮ ಗುಂಡಿನ ವ್ಯಾಸ .224 ಇಂಚು. 55 ಗ್ರೇನಿನ ಮಾಮೂಲಿ ಗುಂಡು ಮುಕ್ಕಾಲು ಇಂಚು ಉದ್ದ. ಉತ್ತರ 12. ನನ್ನ ಕೋವಿ ಸರಿಯಾಗಿ ಅಲ್ಲಿಗೇ ನಿಂತಿದೆ. 77 ಗ್ರೇನಿನದು ಸುಮಾರು ಒಂದು ಇಂಚು ಉದ್ದ. ಅದಕ್ಕೆ ಏಳೂವರೆ ಇಂಚಿಗೊಂದು ಸುತ್ತು ಬೇಕು.

“ಏಳೂವರೆ ಅಂದಮೇಲೆ ಮುಗಿಯಿತು. ಶನಿ ಹೆಗಲೇರಿದ ಹಾಗೆಯೇ” ಅಂದ ನಾಣಿ.

ಉದ್ದದ ಮಾತು ಬಂದದ್ದರಿಂದ ಇನ್ನೊಂದು ತೊಡಕೂ ಬಿಚ್ಚಿಕೊಂಡಿತು. ಈಗ ಸೀಸವೇ ಇಲ್ಲದ, ಪೂರ್ತಿ ತಾಮ್ರದ ಗುಂಡು ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡು ಕೂಡದು. ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಇನ್ನೂ ಉದ್ದ ಆಗುತ್ತದೆ. ಡಬ್ಬಿಯ ಮೇಲೆ 55 ಅಂತಲೇ ಇದ್ದರೂ ನನ್ನ 12 ಇಂಚಿನ ನಳಿಗೆ ಅದನ್ನು ಒಪ್ಪದೇ ಹೋಗಬಹುದು.

“ಅಂದಹಾಗೆ,” ಅಂದರು ಮೇಷ್ಟ್ರು, “12 ಇಂಚು ಅಂದರೆ ಒಂದು ಅಡಿ. ಸೆಕೆಂಡಿಗೆ 3,240 ಅಡಿ ಹೋಗುವ ಗುಂಡು ಸೆಕೆಂಡಿಗೆ 3,240 ಸುತ್ತು. ನಿಮಿಷಕ್ಕೆ 1,94,400.”

ತಲೆ ತಿರುಗಿತು ಅಂತ ಸೀನ ಕುಳಿತುಕೊಂಡ.

ಉಳಿದದ್ದು ಬೇಗ ಮುಗಿಯಿತು. ನಳಿಗೆ ಆರಲು ಬಿಟ್ಟು ಬಿಟ್ಟು ಒಂದೊಂದರಲ್ಲೂ ಐದೈದು ಹೊಡೆದೆ. 40 ಚೆನ್ನಾಗಿ ಬಂತು. 55 ಪರವಾಗಿಲ್ಲ ಅನ್ನಿಸಿತು. ನಾವು ಯಾರೂ ಪರವಹಿಸಿ ಮಾತಾಡದ ಪಾಪದ 50 ಮಾತ್ರ ಐದೂ ಗುಂಡನ್ನು ಒಂದು ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಕೂರಿಸಿತು. ಸೂತ್ರ 55 ಅನ್ನುತ್ತದೆ, ಕೋವಿ 50 ಅನ್ನುತ್ತದೆ. ನಾನು ಕೋವಿಯ ಪರ. ಆದರೆ ಒಂದು ತೂಕಕ್ಕೆ ಸರಿಮಾಡಿದ ದುರ್ಬೀನು ಇನ್ನೊಂದು ತೂಕಕ್ಕೆ ಸರಿ ಬರುವುದಿಲ್ಲ. ಗುರಿ ಮೇಲೆ ಕೆಳಗೆ ಹೋಗುವುದಷ್ಟೇ ಅಲ್ಲ, ಪಕ್ಕಕ್ಕೂ ಸರಿಯುತ್ತದೆ. ಹಾಗಾಗಿ 50ಕ್ಕೆ ಮತ್ತೆ ಸರಿಮಾಡಿ, ಬೇರೆ ಡಬ್ಬಿಗಳನ್ನು ಕಟ್ಟಿಟ್ಟೆ.

ಹೊರಡುವಾಗ ಸೀನ ತನ್ನ 77ರ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, “ನನ್ನ ಕೋವಿಯಲ್ಲಿ ಇದು ಸೂಜಿ ಪೋಣಿಸಿದ ಹಾಗೆ ಹೋಗುತ್ತೆ” ಅಂದ.

ಮೇಷ್ಟ್ರು ಬೆಂಚಿನ ಮೇಲೆ ಬಿದ್ದಿದ್ದ ಟೇಪಿನ ಚೂರು ಎತ್ತಿ ಬಿಸಿಲಿಗೆ ಹಿಡಿದರು. “ಸೀನ, ಈ ಡಬ್ಬಿಯ ಸೀಲು ಇವತ್ತು ಒಡೆದದ್ದಲ್ವಾ?”

“ಹೌದು.”

“ಬೇರೆ ಡಬ್ಬಿ ಎಷ್ಟಿತ್ತು?”

“ಇದೊಂದೇ.”

“ಮತ್ತೆ ಏಳು ವರ್ಷದಿಂದ ಬೇರೆ ಗುಂಡು ಮುಟ್ಟಿಲ್ಲ ಅಂದೆಯಲ್ಲ?”

“ಬೇರೆ ಮುಟ್ಟಿಲ್ಲ ಅಂದೆ ಮೇಷ್ಟ್ರೇ. ಇದನ್ನು ಮುಟ್ಟಿದ್ದೇನೆ ಅಂತ ಎಲ್ಲಿ ಅಂದೆ?”