ಗುಳಿಗೆ, ಮಟ್ಕಾ, ಮೆದುಳು: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಈ ವಾರದ ವಿಷಯ: ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಮೆದುಳಿನಲ್ಲಿ ಏನಾಗಿರುತ್ತದೆ? ಉತ್ತರ ಕೊಡೋರು ರಾಯಚೂರಿನ ನರರೋಗ ತಜ್ಞರು. ಗುಳಿಗೆ ಬಗ್ಗೆ ಕೇಳೋರು ಹೆಸರು, ಮಿಲಿಗ್ರಾಂ ಬರೀರಿ. ಫಾರ್ವರ್ಡ್ ಬ್ಯಾಡ.

ಸಿಂಧನೂರು: ಅಪ್ಪಗ 61 ವರ್ಷ, ನಾಲ್ಕು ವರ್ಷದಿಂದ ಪಾರ್ಕಿನ್ಸನ್. ಲೆವೊಡೋಪಾ ಜೊತಿ ಪ್ರಮಿಪೆಕ್ಸೋಲ್, ದಿನಕ್ಕ 1.5 ಮಿ.ಗ್ರಾಂ ಇದ್ದದ್ದು ಜನವರಿಯಾಗ 3 ಆಗೇತಿ. ನಡುಕ ಕಮ್ಮಿ ಆತು. ಆದ್ರ ಇಸ್ಪೀಟ್ ಎಲಿ ಮುಟ್ಟದ ಮನುಷ್ಯಾ ಯುಗಾದಿ ಅನ್ನೋದ್ರಾಗ ಮಟ್ಕಾಕ್ಕ 1,40,000 ಹಾಕ್ಯಾರ. ರಾತ್ರಿ 2ಕ್ಕ ಎದ್ದು ಪಂಪ್‌ಸೆಟ್ ಸ್ಟಾರ್ಟರ್ ಬಿಚ್ಚಿ, ಸ್ಕ್ರೂ ಎಲ್ಲಾ ಸಾಲಾಗಿ ಇಟ್ಟು, ಮತ್ತ ಕೂಡಿಸ್ತಾರ. ದಿನಾ ಇದ. ನೆನಪು ಚಲೋ ಐತಿ. ಇದು ಚಟನೋ, ತಲಿ ಕೆಟ್ಟದ್ದೋ?

ಡಾಕ್ಟರ್: ಮೊದಲೇ ಹೇಳಿಬಿಡುತ್ತೇನೆ, ಇದನ್ನು ಓದಿ ಯಾವ ಗುಳಿಗೆಯನ್ನೂ ನಿಲ್ಲಿಸಬೇಡಿ.

ಪಾರ್ಕಿನ್ಸನ್‌ನಲ್ಲಿ ಡೋಪಮೈನ್, ಅಂದರೆ ಮೆದುಳಿನಲ್ಲಿ ಸಂದೇಶ ಒಯ್ಯುವ ಒಂದು ರಾಸಾಯನಿಕ, ಎಲ್ಲ ಕಡೆ ಒಂದೇ ಸಮ ಬತ್ತುವುದಿಲ್ಲ. ಕೈಕಾಲು ಆಡಿಸುವ ಭಾಗಕ್ಕೆ ಮೊದಲು ಬತ್ತುತ್ತದೆ. ಆಸೆ, ಲಾಭ-ನಷ್ಟದ ಲೆಕ್ಕ ಇಡುವ ಭಾಗದಲ್ಲಿ ಇನ್ನೂ ಸಾಕಷ್ಟು ಉಳಿದಿರುತ್ತದೆ. ಲೆವೊಡೋಪಾ ಮೆದುಳಿನಲ್ಲಿ ಡೋಪಮೈನ್ ಆಗುತ್ತದೆ, ಪ್ರಮಿಪೆಕ್ಸೋಲ್ ಡೋಪಮೈನ್‌ನಂತೆ ಕೆಲಸ ಮಾಡುತ್ತದೆ, ಎರಡೂ ಎಲ್ಲ ಕಡೆಗೂ ಹೋಗುತ್ತವೆ. ಎಡದಂಡೆ ಕಾಲುವೆಯ ಕೆಳಭಾಗಕ್ಕೆ ನೀರು ಮುಟ್ಟಲಿ ಅಂತ ಗೇಟ್ ಎತ್ತಿದರೆ ಮೇಲ್ಭಾಗದ ಗದ್ದೆ ಮುಳುಗಿದ ಹಾಗೆ. ಅದರ ಮೇಲೆ ಪ್ರಮಿಪೆಕ್ಸೋಲ್ ಹೆಚ್ಚು ಅಂಟುವುದು ಡಿ3 ಎಂಬ ಗ್ರಾಹಕಕ್ಕೆ (ಡೋಪಮೈನ್ ಬಂದು ಕೂರುವ ಜಾಗ), ಅದು ದಟ್ಟವಾಗಿರುವುದು ಈ ಆಸೆಯ ಭಾಗದಲ್ಲೇ.

ದುಡ್ಡು ಹೋದಾಗ ಅಲ್ಲಿ ಡೋಪಮೈನ್ ಗಕ್ಕನೆ ಇಳಿಯಬೇಕು. ‘ಮತ್ತೆ ಆ ಕಡೆ ಹೋಗಬೇಡ’ ಅನ್ನುವ ಪಾಠ ಆ ಇಳಿತವೇ. ಗುಳಿಗೆ ದಿನವಿಡೀ ಗ್ರಾಹಕವನ್ನು ಒತ್ತಿ ಹಿಡಿದಿದ್ದರೆ ಇಳಿತ ಗೊತ್ತಾಗುವುದಿಲ್ಲ. ಗೆದ್ದದ್ದು ನಾಟುತ್ತದೆ, ಸೋತದ್ದು ನಾಟುವುದಿಲ್ಲ.

ಸ್ಟಾರ್ಟರ್ ಬಿಚ್ಚಿ ಕೂಡಿಸುವುದಕ್ಕೆ ಪಂಡಿಂಗ್ ಅನ್ನುತ್ತಾರೆ. ಮಟ್ಕಾಕ್ಕಿಂತ ನನಗೆ ಇದೇ ದೊಡ್ಡ ಸುಳಿವು. ಬರೀ ಜೂಜಿನ ಚಟ ಇದ್ದವರು ರಾತ್ರಿ ಎದ್ದು ಸ್ಕ್ರೂ ಸಾಲು ಹಚ್ಚುವುದಿಲ್ಲ. 2010ರಲ್ಲಿ ಅಮೆರಿಕ, ಕೆನಡಾದ 3,090 ಪಾರ್ಕಿನ್ಸನ್ ರೋಗಿಗಳ ಅಧ್ಯಯನ ಬಂತು. ಈ ಜಾತಿಯ ಗುಳಿಗೆ ತಗೊಳ್ಳುವವರಲ್ಲಿ ನೂರಕ್ಕೆ 17 ಜನರಲ್ಲಿ ಇಂಥ ಹತೋಟಿ ತಪ್ಪಿದ ನಡವಳಿಕೆ ಇತ್ತು, ತಗೊಳ್ಳದವರಲ್ಲಿ 7.

ಇವತ್ತೇ ಮಾಡಬೇಕಾದದ್ದು: ಒಂದು ಹಾಳೆಯಲ್ಲಿ ಎಡಕ್ಕೆ ಗುಳಿಗೆ, ಮಿಲಿಗ್ರಾಂ, ಹೆಚ್ಚಿಸಿದ ತಾರೀಖು, ಬಲಕ್ಕೆ ಮಟ್ಕಾ, ಸ್ಟಾರ್ಟರ್ ಶುರುವಾದ ತಾರೀಖು. ಎಟಿಎಂ ಕಾರ್ಡು, ಬೀರು ಕೀಲಿ, ಹೊಲದ ಪತ್ರ ನಿಮ್ಮ ಕೈಯಲ್ಲಿರಲಿ. ಊಟ, ಖರೀದಿ, ಕಾಮ ಮೂರರಲ್ಲೂ ಅತಿ ಆಗಿದೆಯಾ ಅಂತ ತಾಯಿಯನ್ನು ಒಬ್ಬರೇ ಇದ್ದಾಗ ಕೇಳಿ, ತಾವಾಗೇ ಹೇಳಲಿಕ್ಕಿಲ್ಲ. ಹಾಳೆ ಹಿಡಿದು ಗುಳಿಗೆ ಬರೆದವರ ಹತ್ತಿರ ಹೋಗಿ. ಅವರು ಪ್ರಮಿಪೆಕ್ಸೋಲ್ ಮೆಲ್ಲಗೆ, ವಾರಗಟ್ಟಲೆ ಇಳಿಸುತ್ತಾರೆ, ಬೇಕಾದರೆ ಲೆವೊಡೋಪಾ ಹೊಂದಿಸುತ್ತಾರೆ. ಇಳಿಸುವಾಗ ಬೆವರು, ಗಾಬರಿ, ಅಳು ಬಂದರೆ ಕೂಡಲೇ ತಿಳಿಸಿ. ಒಮ್ಮೆಲೇ ನಿಲ್ಲಿಸಿ ಜ್ವರ ಬಂದು ಮೈ ಸೆಟೆದರೆ ಜೀವಕ್ಕೇ ಕುತ್ತು. ಗಲಾಟೆ ಮಾಡುತ್ತಾರೆಂದು ಹ್ಯಾಲೋಪೆರಿಡಾಲ್ ಸೂಜಿ ಮಾತ್ರ ಹಾಕಿಸಬೇಡಿ, ಕಟ್ಟಿಗೆಯಂತಾಗುತ್ತಾರೆ.

ಮಾನ್ವಿ ಮೇಷ್ಟ್ರು: ಗುಳಿಗಿ ಮಟ್ಕಾ ಆಡಸ್ತದ? ಚಲೋ ಆತು ಬಿಡ್ರಿ. ನಾಳೆ ಕಳ್ಳನೂ ‘ಡೋಪಮೈನ್ ಸಾಹೇಬ್ರೇ’ ಅಂತಾನ.

ಸಿರುಗುಪ್ಪ: ಮೇಷ್ಟ್ರೇ, 60 ವರ್ಷ ಆಡದವ್ರು ಗುಳಿಗಿ ಡಬಲ್ ಆದ ಮ್ಯಾಲೆ ಆಡ್ಯಾರ. ಓದಿ ಮಾತಾಡ್ರಿ.

ಮಾನ್ವಿ ಮೇಷ್ಟ್ರು: ಸಂಸ್ಕಾರ ಗಟ್ಟಿ ಇದ್ದವ್ರಿಗೆ ಹಿಂಗಾಗಲ್ಲ.

ಡಾಕ್ಟರ್: ಪಾರ್ಕಿನ್ಸನ್ ಇಲ್ಲದೆ, ರಾತ್ರಿ ಕಾಲು ಚಡಪಡಿಸುತ್ತದೆ ಅಂತ ಇದೇ ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ತಗೊಂಡವರಲ್ಲೂ ಜೂಜು ಶುರುವಾದದ್ದಿದೆ. ಪ್ರಮಾಣ ಇಳಿಸಿದರೆ ಹೆಚ್ಚಿನವರಲ್ಲಿ ಇಳಿಯುತ್ತದೆ. ಸಂಸ್ಕಾರಕ್ಕೆ ಮಿಲಿಗ್ರಾಂ ಇಲ್ಲ.

ಗಂಗಾವತಿ: *ಫಾರ್ವರ್ಡ್* ನಡುಕಕ್ಕೆ ಋಷಿಗಳ ಮದ್ದು! ನಸುಗುನ್ನಿ ಬೀಜದ ಪುಡಿ ದಿನಾ 2 ಚಮಚ ಹಾಲಿನಲ್ಲಿ. ಇಂಗ್ಲಿಷ್ ಗುಳಿಗೆ ಬಿಡಿ. 🙏

ಡಾಕ್ಟರ್: ಅಡ್ಮಿನ್, ತೆಗೆಯಿರಿ. ಆ ಬೀಜದಲ್ಲಿರುವುದೂ ಲೆವೊಡೋಪಾನೇ, ತೂಕದ ನೂರಕ್ಕೆ ಸುಮಾರು 3ರಿಂದ 6 ಭಾಗ. ಎರಡು ಚಮಚ 10 ಗ್ರಾಂ ಅಂದರೆ 300ರಿಂದ 600 ಮಿ.ಗ್ರಾಂ. ಗುಳಿಗೆಯಲ್ಲಿ ಜೊತೆಗೆ ಕಾರ್ಬಿಡೋಪಾ ಇರುತ್ತದೆ, ಲೆವೊಡೋಪಾ ದಾರಿಯಲ್ಲೇ ಖರ್ಚಾಗದೆ ಮೆದುಳು ಮುಟ್ಟಲಿ ಅಂತ. ಬರೀ ಪುಡಿಗೆ ಅದಿಲ್ಲ, ವಾಂತಿ ಬರುತ್ತದೆ, ಎದ್ದು ನಿಂತರೆ ಬಿಪಿ ಬೀಳುತ್ತದೆ. ಗುಳಿಗೆಯ ಜೊತೆ ತಿಂದರೆ ಪುಡಿಯದ್ದೂ ಮೆದುಳಿಗೆ ಹೋಗಿ ಡೋಸ್ ದುಪ್ಪಟ್ಟು. ‘ಗುಳಿಗೆ ಬಿಡಿ’ ಅಂತ ಬರೆದವನು ಮನೆಯಲ್ಲಿ ಕೂತಿರುತ್ತಾನೆ, ಐಸಿಯುಗೆ ಬರುವವರು ನಿಮ್ಮವರು.

ಗಂಗಾವತಿ: ಬಂದದ್ದು ಹಾಕೀನಿ. ಅದಕ್ಯಾಕ ಸಿಟ್ಟು?

ಕುಷ್ಟಗಿ: ನಾವು ಮೆದುಳು 10% ಅಷ್ಟೇ ಬಳಸ್ತೀವಂತ, ಹೌದಾ?

ಡಾಕ್ಟರ್: ಇಲ್ಲ. ಹೋದ ವಾರವೂ ಇಲ್ಲ ಅಂದಿದ್ದೆ.

ದೇವದುರ್ಗ: ಕಾಕಾ ಸೇಂದಿ ಬಿಟ್ಟು ಮೂರು ದಿನ. ಗ್ವಾಡಿ ಮ್ಯಾಲೆ ಇರಿವಿ ಅಂತಾರ, ಕೈ ನಡುಗ್ತಾವ. ಗಾಳಿ ಬಡದದ ಅಂತ ತಾಯತಕ್ಕ ಹೊಂಟೀವಿ.

ಡಾಕ್ಟರ್: ತಾಯತ ಬಿಡಿ, ಈಗಲೇ ರಾಯಚೂರಿನ ರಿಮ್ಸ್ ಆಸ್ಪತ್ರೆಯ ಎಮರ್ಜೆನ್ಸಿಗೆ. ಕಲಬೆರಕೆ ಸೇಂದಿಯಲ್ಲಿ ನಿದ್ದೆ ಬರಿಸುವ ಕ್ಲೋರಲ್ ಹೈಡ್ರೇಟ್, ಆಲ್ಪ್ರಜೋಲಾಂ ಬೆರೆಸುತ್ತಾರೆ. ಒಮ್ಮೆಲೇ ನಿಂತರೆ ಭ್ರಮೆ, ಮೂರ್ಛೆ. 108ಕ್ಕೆ ಫೋನ್ ಮಾಡಿ.

ಲಿಂಗಸುಗೂರು: ತಮ್ಮ ಮನಸ್ಸಿನ ಏರುಪೇರಿಗೆ ಲಿಥಿಯಂ ತಗೋತಾನ. ಬಿಸಿಲಾಗ ಕೆಲಸ, ಸೊಂಟಕ್ಕ ಡೈಕ್ಲೋಫೆನಾಕ್. ಕೈ ಜೋರು ನಡುಗ್ತಾವ, ನಡಿಗಿ ತೂರಾಡ್ತದ.

ಡಾಕ್ಟರ್: ಲಿಥಿಯಂ ಏರಿರಬೇಕು. ಬೆವರಿ ನೀರು, ಉಪ್ಪು ಕಮ್ಮಿಯಾದರೆ ಮೂತ್ರಪಿಂಡ ಲಿಥಿಯಂ ಹಿಡಿದಿಟ್ಟುಕೊಳ್ಳುತ್ತದೆ, ನೋವಿನ ಗುಳಿಗೆ ಅದನ್ನು ಇನ್ನೂ ಏರಿಸುತ್ತದೆ. ತೂರಾಟ ಇದೆ ಅಂದಮೇಲೆ ಮುಂದಿನ ಡೋಸ್ ಕೊಡದೆ ಇವತ್ತೇ ಆಸ್ಪತ್ರೆಗೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರಬೇಕು, 1.5 ದಾಟಿದರೆ ವಿಷ. ಕೊನೇ ಡೋಸ್ ಎಷ್ಟು ಗಂಟೆಗೆ ತಗೊಂಡ ಅಂತ ಅಲ್ಲಿ ಹೇಳಿ.

ಸಂಡೂರು: ಅಮಾಸಿಗೆ ಸಿಟ್ಟು ಯಾಕ ಜಾಸ್ತಿ ಆಗ್ತದ ಸರ್?

ಮಾನ್ವಿ ಮೇಷ್ಟ್ರು: ನಮ್ಮ ಕಡೆ ಇವನ್ನೆಲ್ಲಾ ನೋಡೋರ ಇಲ್ಲ. ಎಲ್ಲಾದಕ್ಕೂ ನಿಮ್ಹಾನ್ಸ್ ಬಸ್ಸು ಹತ್ತಬೇಕು.

ಡಾಕ್ಟರ್: ನಿಮ್ಹಾನ್ಸ್‌ನವರೇ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಗೆ ಬಂದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಕಲಿಸಿ ಮಾನಸಿಕ ಚಿಕಿತ್ಸೆ ನಡೆಸಿದರು. 1996ರಲ್ಲಿ ದೇಶಕ್ಕೆ ಬಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ನೋಡಿದ್ದೀರಾ?

ಮಾನ್ವಿ ಮೇಷ್ಟ್ರು: ಕೇಳಬೇಕಾದವ್ರು ಕೇಳ್ತಾರ.

ಸಿರುಗುಪ್ಪ: ಹಂಗಾದ್ರ ನೀವು ಸುಮ್ನಿರ್ರಿ.

ಅಡ್ಮಿನ್: ಇಬ್ರೂ ಸಾಕು.

ಸಿಂಧನೂರು: ಡಾಕ್ಟ್ರೇ, ಅವ್ವನ್ನ ಕೇಳಿದೆ. ಅತ್ತಳು. ಆಮ್ಯಾಲೆ ಕಪಾಟಿನಿಂದ ಒಂದು ಡಬ್ಬಿ ತೆಗೆದು ತೋರಿಸಿದಳು. ನಸುಗುನ್ನಿ ಪುಡಿ. ಸಂಕ್ರಾಂತಿಯಿಂದ ದಿನಾ ಒಂದು ಚಮಚ ಕೊಡಾಕತ್ತಾಳಂತ. ಫೋನಿನಾಗ ಬಂದಿತ್ತಂತ.

ಡಾಕ್ಟರ್: ತಾಯಿಯನ್ನು ಬೈಯಬೇಡಿ. ಡಬ್ಬಿ, ಚಮಚ ಎರಡನ್ನೂ ಹಾಳೆಯ ಜೊತೆ ತಗೊಂಡು ಹೋಗಿ. ನಾಳೆ ಬೆಳಗ್ಗೆಯೇ. ಪುಡಿ ಹೇಗೆ ನಿಲ್ಲಿಸಬೇಕು ಅನ್ನುವುದನ್ನೂ ಅವರೇ ಹೇಳಲಿ.

ಗಂಗಾವತಿ: ಅಂದ್ರ ಪುಡಿ ಕೆಲಸ ಮಾಡ್ತದ ಅಂತಾತಲ್ರೀ?